ಸುಮ್ಮನಿರುವ ಮುಖವೂ ಸಿಟ್ಟಿನ ಮುಖವಾಗಿ ಕಂಡಾಗ

ಪ್ರಶ್ನೆ: ನನ್ನ ಮಗನಿಗೆ ಹದಿನೈದು ವರ್ಷ. ಚಿಕ್ಕಂದಿನಿಂದ ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆ) ಇದೆ, ಕಳೆದ ವರ್ಷದಿಂದ ಖಿನ್ನತೆಗೂ ಚಿಕಿತ್ಸೆ ನಡೆಯುತ್ತಿದೆ. ನಾನು ಏನನ್ನೋ ಯೋಚಿಸುತ್ತ ಸುಮ್ಮನೆ ಕುಳಿತಿದ್ದರೂ "ಯಾಕಮ್ಮಾ ನನ್ನ ಮೇಲೆ ಸಿಟ್ಟು?" ಎಂದು ಕೇಳುತ್ತಾನೆ. ಆದರೆ ತಂಗಿ ಅಳು ನುಂಗಿಕೊಂಡು ಎದುರಿಗೇ ನಿಂತಿದ್ದರೂ ಅವನಿಗೆ ಗೊತ್ತಾಗುವುದಿಲ್ಲ. ಇದು ಕಾಯಿಲೆಯ ಭಾಗವೇ, ಅಥವಾ ಅವನಿಗೆ ಬೇರೆಯವರ ಬಗ್ಗೆ ಕಾಳಜಿಯೇ ಇಲ್ಲವೇ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ನೋಯಿಸುತ್ತಿರುವುದು ಅದೇ ಎಂದು ತೋರುತ್ತದೆ. ಇನ್ನೊಬ್ಬರ ಮುಖದಲ್ಲಿರುವ ಭಾವನೆಯನ್ನು ಗುರುತಿಸುವುದು ಬೇರೆ, ಆ ಭಾವನೆಗೆ ಮಿಡಿಯುವುದು ಬೇರೆ. ತಂಗಿ ಅಳುವ ಹಂತದಲ್ಲಿದ್ದಾಳೆ ಎಂಬುದೇ ತಿಳಿಯದ ಹುಡುಗ ಅವಳನ್ನು ಸಮಾಧಾನ ಮಾಡದಿದ್ದರೆ, ಅದರಿಂದ ಅವನ ಮನಸ್ಸು ಕಲ್ಲು ಎಂದು ತೀರ್ಮಾನಿಸಲಾಗದು. "ಅವಳಿಗೆ ಬೇಜಾರಾಗಿದೆ" ಎಂದು ನೀವು ಬಾಯಿಬಿಟ್ಟು ಹೇಳಿದ ಮೇಲೆ ಅವನು ಏನು ಮಾಡುತ್ತಾನೆ ಎಂಬುದನ್ನು ಗಮನಿಸಿ. ಹೇಳಿದೊಡನೆ ಅವಳ ಹತ್ತಿರ ಹೋಗುತ್ತಾನೆಂದರೆ ಕಾಳಜಿ ಇದೆ, ಕಣ್ಣಿಗೆ ಬೀಳಬೇಕಾದ ಸುಳಿವು ಮಾತ್ರ ಬಿದ್ದಿಲ್ಲ ಎಂದರ್ಥ.

ಮುಖ ನೋಡಿ ಮನಸ್ಸನ್ನು ಅರಿಯುವುದು ನಮಗೆ ಒಂದೇ ಕ್ಷಣದ ಕೆಲಸವೆಂದು ಅನಿಸಿದರೂ ಅದರೊಳಗೆ ಹಲವು ಹಂತಗಳಿವೆ. ಮೊದಲು ಕಣ್ಣು ಸರಿಯಾದ ಜಾಗಕ್ಕೆ ಹೋಗಬೇಕು. ಹುಬ್ಬು, ರೆಪ್ಪೆ, ತುಟಿಯ ಅಂಚುಗಳಲ್ಲಿ ಆದ ಸಣ್ಣ ಬದಲಾವಣೆಯನ್ನು ಮಿದುಳು ಹಿಡಿಯಬೇಕು. ಆ ಬದಲಾವಣೆಗೆ ಒಂದು ಹೆಸರು ಸಿಗಬೇಕು. ಕೊನೆಗೆ ಆ ಹೆಸರು ಈ ಸಂದರ್ಭಕ್ಕೆ ಹೊಂದುತ್ತದೆಯೇ ಎಂದು ತೂಗಿ ನೋಡಬೇಕು. ತೊಂದರೆ ಯಾವ ಹಂತದಲ್ಲಿದೆ ಎಂಬುದು ಮಗುವಿನಿಂದ ಮಗುವಿಗೆ ಬೇರೆಯಾಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ರೋಗದ ಹೆಸರಿಗಿಂತ ಮುಖ್ಯವಾದ ಪ್ರಶ್ನೆ ಇದು.

ಮೊದಲ ಹಂತ ಎಷ್ಟು ದೊಡ್ಡದೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಮಿದುಳಿನ ಎರಡೂ ಬದಿಯ ಅಮಿಗ್ಡಲಾ ಎಂಬ ಭಾಗ ಹಾಳಾಗಿದ್ದ ಒಬ್ಬ ಮಹಿಳೆಗೆ ಮುಖದ ಮೇಲಿನ ಭಯ ಗುರುತು ಸಿಗುವುದಿಲ್ಲವೆಂದು ರಾಲ್ಫ್ ಅಡಾಲ್ಫ್ಸ್ ಮತ್ತು ಸಂಗಡಿಗರು 1994ರಲ್ಲಿ ವರದಿ ಮಾಡಿದರು. ಹನ್ನೊಂದು ವರ್ಷಗಳ ನಂತರ, 2005ರಲ್ಲಿ, ಆಕೆ ಚಿತ್ರದಲ್ಲಿನ ಕಣ್ಣುಗಳತ್ತ ದೃಷ್ಟಿ ಹಾಯಿಸುವುದೇ ಇಲ್ಲ ಎಂಬುದು ತಿಳಿದುಬಂತು. ಭಯದ ಮುಖದಲ್ಲಿ ಅರಳಿದ ಕಣ್ಣು, ಕರಿಗುಡ್ಡೆಯ ಸುತ್ತ ಕಾಣುವ ಬಿಳಿ, ಮೇಲೇರಿದರೂ ನಡುವೆ ಸೆಳೆದುಕೊಂಡ ಹುಬ್ಬು, ಇವೇ ದೊಡ್ಡ ಸುಳಿವುಗಳು. "ಕಣ್ಣುಗಳನ್ನು ನೋಡಿ" ಎಂದು ಹೇಳಿದಾಗ ಆಕೆ ಭಯವನ್ನು ಇತರರಂತೆಯೇ ಗುರುತಿಸಿದರು; ಹೇಳುವುದನ್ನು ನಿಲ್ಲಿಸಿದೊಡನೆ ಮತ್ತೆ ಹಳೆಯ ಸ್ಥಿತಿ. 2006ರಲ್ಲಿ ಮಾರ್ಕ್ ಡ್ಯಾಡ್ಸ್ ಮತ್ತು ಸಂಗಡಿಗರು, ಪಶ್ಚಾತ್ತಾಪ ಮತ್ತು ಮರುಕ ಕಡಿಮೆ ಎಂದು ಗುರುತಿಸಲಾದ ಹುಡುಗರಲ್ಲಿಯೂ ಇಂಥದೇ ಫಲಿತಾಂಶ ಕಂಡರು. "ಇವನಿಗೆ ಕರುಣೆಯೇ ಇಲ್ಲ" ಎಂದು ಅನಿಸಬಹುದಾದ ಮಕ್ಕಳು, ಕಣ್ಣನ್ನು ನೋಡು ಎಂದಾಗ ಭಯವನ್ನು ಓದಬಲ್ಲವರಾದರು. ಈ ಸಂಗತಿ ನೆನಪಾದಾಗಲೆಲ್ಲ, ಹೆತ್ತವರು ಆಡುವ ಕಠಿಣ ತೀರ್ಪಿನ ಮಾತುಗಳು ನನ್ನನ್ನು ಕಾಡುತ್ತವೆ.

ಈಗ ನಿಮ್ಮ ಮಗನ ವಿಷಯ. ನೀವು ಬರೆದಿರುವುದು ಒಂದಲ್ಲ, ಎರಡು ತೊಂದರೆಗಳು. ತಂಗಿಯ ಮುಖ ಬಾಡಿರುವುದು ತಿಳಿಯದಿರುವುದು ಸುಳಿವನ್ನು ಕಳೆದುಕೊಳ್ಳುವ ತೊಂದರೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇದು ಅಪರೂಪವಲ್ಲ. ಕ್ಷಣಮಾತ್ರ ಮೂಡಿ ಮರೆಯಾಗುವ ಭಾವ ಕಾಣಿಸಿಕೊಳ್ಳುವ ಹೊತ್ತಿಗೆ ಗಮನ ಬೇರೆಲ್ಲೋ ಇರುತ್ತದೆ, ಅಥವಾ ಪೂರ್ತಿ ನೋಡುವ ಮೊದಲೇ ಉತ್ತರ ಹೊರಬಿದ್ದಿರುತ್ತದೆ. ಸುಮ್ಮನಿರುವ ನಿಮ್ಮ ಮುಖದಲ್ಲಿ ಸಿಟ್ಟು ಕಾಣುವುದು ಇದಕ್ಕೆ ವಿರುದ್ಧವಾದದ್ದು. ಇಲ್ಲದ ಸುಳಿವನ್ನು ಮನಸ್ಸು ಸೇರಿಸಿಕೊಳ್ಳುತ್ತದೆ. ಖಿನ್ನತೆಯಲ್ಲಿ ಮನಸ್ಸು ಅಸ್ಪಷ್ಟವಾದುದನ್ನೆಲ್ಲ ಬೇಸರದ ಕಡೆಗೆ, ತಿರಸ್ಕಾರದ ಕಡೆಗೆ ವಾಲಿಸಿ ಓದುತ್ತದೆ. ಯೋಚನೆಯಲ್ಲಿ ಮುಳುಗಿದ ಯಾರನ್ನೇ ಆಗಲಿ ಒಮ್ಮೆ ಹತ್ತಿರದಿಂದ ನೋಡಿ: ಹುಬ್ಬುಗಳ ನಡುವೆ ಒಂದು ಗೆರೆ, ಒತ್ತಿ ಮುಚ್ಚಿದ ತುಟಿ, ಒಂದೇ ಕಡೆ ನೆಟ್ಟ ನೋಟ. ಸಿಟ್ಟಿನ ಮುಖಕ್ಕೂ ಇದಕ್ಕೂ ಅಂತರ ಬಹಳ ಕಡಿಮೆ. ನಾವು ಸಂದರ್ಭವನ್ನು ಸೇರಿಸಿ ಆ ಅಂತರವನ್ನು ತುಂಬಿಕೊಳ್ಳುತ್ತೇವೆ. ತನ್ನಿಂದಲೇ ಎಲ್ಲರಿಗೂ ತೊಂದರೆ ಎಂದು ಒಳಗೊಳಗೇ ನಂಬಿರುವ ಹುಡುಗ ಅದನ್ನು ಆ ನಂಬಿಕೆಯಿಂದಲೇ ತುಂಬಿಕೊಳ್ಳುತ್ತಾನೆ.

ಬೈಪೋಲಾರ್ ಕಾಯಿಲೆ, ಅಂದರೆ ಅತಿಯಾದ ಉತ್ಸಾಹ ಮತ್ತು ಖಿನ್ನತೆ ಬಂದು ಹೋಗುವ ಕಾಯಿಲೆ, ಇರುವ ಮಕ್ಕಳಲ್ಲಿಯೂ ಭಾವರಹಿತ ಮುಖ ಹಗೆಯ ಮುಖವಾಗಿ ಕಾಣುವುದುಂಟು. ಹೊಡೆತ ತಿಂದು ಬೆಳೆದ ಮಕ್ಕಳ ಸ್ಥಿತಿ ಇನ್ನೂ ಮನಕಲಕುವಂಥದ್ದು. ಸೇತ್ ಪೊಲಾಕ್ ಮತ್ತು ಪವನ್ ಸಿನ್ಹಾ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಸುಕಾದ ಚಿತ್ರಗಳನ್ನು ಸ್ವಲ್ಪ ಸ್ವಲ್ಪವಾಗಿ ಸ್ಪಷ್ಟಗೊಳಿಸುತ್ತ ಹೋದಾಗ, ಇಂಥ ಮಕ್ಕಳು ಸಿಟ್ಟನ್ನು ಇತರರಿಗಿಂತ ಕಡಿಮೆ ಸುಳಿವಿನಲ್ಲೇ ಹಿಡಿದುಬಿಟ್ಟರು. ಅದನ್ನು ಕೊರತೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ತಿಳಿಯಲು ಅವರು ಕಲಿತುಕೊಂಡ ಪಾಠ ಅದು.

ಆಟಿಸಂ, ಅಂದರೆ ಇತರರೊಡನೆ ಒಡನಾಡುವ ರೀತಿ ಹುಟ್ಟಿನಿಂದಲೇ ಭಿನ್ನವಾಗಿರುವ ಸ್ಥಿತಿಯ ಬಗ್ಗೆ ಎಚ್ಚರದಿಂದ ಮಾತನಾಡಬೇಕು. ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಭಾವ ಗುರುತಿಸುವಲ್ಲಿ ತೊಡಕು ಇದೆ, ಆದರೆ ಎಲ್ಲರಲ್ಲೂ ಅಲ್ಲ, ಎಲ್ಲ ಭಾವಗಳಲ್ಲೂ ಒಂದೇ ಸಮನಾಗಿಯೂ ಅಲ್ಲ. ಸಂತೋಷವನ್ನು ಗುರುತಿಸುವುದರಲ್ಲಿ ವ್ಯತ್ಯಾಸ ತೀರ ಅಲ್ಪ. ತನ್ನ ಭಾವನೆಗಳಿಗೇ ಹೆಸರು ಕೊಡಲಾಗದ ಸ್ಥಿತಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ, ಮತ್ತು ಆಟಿಸಂ ಇರುವವರಲ್ಲಿ ಕಾಣುವ ತೊಡಕಿನ ಒಂದು ದೊಡ್ಡ ಪಾಲು ಈ ಸ್ಥಿತಿಗೆ ಸೇರಿದ್ದೆಂದು ವಾದಿಸುವ ಸಂಶೋಧಕರಿದ್ದಾರೆ. ಇನ್ನೊಂದು ಮಾತನ್ನು ಮರೆಯಬಾರದು: ಆಟಿಸಂ ಇರುವವರ ಮುಖವನ್ನು ಓದುವಲ್ಲಿ ಉಳಿದವರೂ ಎಡವುತ್ತಾರೆ. ತೊಡಕು ಎರಡೂ ಕಡೆ ಇದ್ದಾಗ ಒಬ್ಬರ ಮೇಲೆ ಮಾತ್ರ ಹೊರೆ ಹೊರಿಸುವುದು ನ್ಯಾಯವಲ್ಲ.

ಮುಖದ ಭಾವ ಗುರುತಿಸುವ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಗಳ ಮಿತಿಯನ್ನೂ ಹೇಳಬೇಕು. ಸಾಮಾನ್ಯವಾಗಿ ಪರದೆಯ ಮೇಲೆ ಒಂದು ಮುಖ ತೋರಿಸಿ, ಸಂತೋಷ, ದುಃಖ, ಸಿಟ್ಟು, ಭಯ, ಅಚ್ಚರಿ, ಅಸಹ್ಯ ಈ ಆರರಲ್ಲಿ ಯಾವುದು ಎಂದು ಕೇಳುತ್ತಾರೆ. ಚಿತ್ರ ಅಲುಗಾಡುವುದಿಲ್ಲ, ದನಿ ಇಲ್ಲ, ಹಿಂದುಮುಂದಿನ ಕಥೆಯಿಲ್ಲ. ಪದ ಹೊಳೆಯದೆ ತಪ್ಪು ಉತ್ತರ ಕೊಟ್ಟ ಮಗುವೂ ಮುಖವೇ ಕಾಣದೆ ತಪ್ಪಿದ ಮಗುವೂ ಅಂಕದಲ್ಲಿ ಒಂದೇ ಆಗಿಬಿಡುತ್ತಾರೆ. ಇದಲ್ಲದೆ ಭಯದಂಥ ಕಠಿಣ ಭಾವಗಳನ್ನು ಗುರುತಿಸುವ ಸಾಮರ್ಥ್ಯ ಹದಿಹರೆಯದುದ್ದಕ್ಕೂ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಹದಿನೈದರ ಹುಡುಗನನ್ನು ದೊಡ್ಡವರೊಡನೆ ಹೋಲಿಸುವುದು ಸರಿಯಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಮನೆಯಲ್ಲಿ ಮಾಡಬಹುದಾದದ್ದು ಸರಳ, ಆದರೆ ದಿನವೂ ಮಾಡಬೇಕಾದದ್ದು. ನಿಮ್ಮ ಭಾವವನ್ನು ಮುಖಕ್ಕೆ ಬಿಟ್ಟುಬಿಡದೆ ಮಾತಿನಲ್ಲಿ ಹೇಳಿ: "ನಾನು ಲೆಕ್ಕ ಯೋಚಿಸುತ್ತಿದ್ದೇನೆ, ಸಿಟ್ಟಿಲ್ಲ." ಅವನು "ಸಿಟ್ಟಾ?" ಎಂದು ಕೇಳಿದಾಗ ರೇಗಬೇಡಿ, ರೇಗಿದರೆ ಅವನ ತಪ್ಪು ಓದು ನಿಜವೇ ಆಗಿಬಿಡುತ್ತದೆ. ಹಾಗೆ ಕೇಳುವುದು ಒಳ್ಳೆಯ ಅಭ್ಯಾಸ, ಕೇಳದೆ ಒಳಗೇ ನಂಬಿಕೊಳ್ಳುವುದೇ ಅಪಾಯ. ಮುಖ ಸಪ್ಪಗಾಗುವುದು, ಗಂಟಿಕ್ಕುವುದು, ಸಿಂಡರಿಸುವುದು, ಅರಳುವುದು ಎಂದು ನಮ್ಮ ಮಾತಿನಲ್ಲೇ ಎಷ್ಟೊಂದು ಪದಗಳಿವೆ. ಟಿವಿಯಲ್ಲಿ ಒಟ್ಟಿಗೆ ಏನಾದರೂ ನೋಡುವಾಗ ದನಿ ನಿಲ್ಲಿಸಿ "ಈಗ ಇವಳ ಮುಖ ಹೇಗಾಯಿತು, ಹುಬ್ಬು ನೋಡು" ಎಂದು ಆ ಪದಗಳನ್ನು ಬಳಸಿ. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಒತ್ತಾಯ ಮಾತ್ರ ಬೇಡ, ಕೆಲವರಿಗೆ ಅದು ನಿಜವಾದ ಹಿಂಸೆ. ಮುಖದ ಭಾವ ಗುರುತಿಸಲು ಕಲಿಸುವ ಕಂಪ್ಯೂಟರ್ ತರಬೇತಿಗಳಿಂದ ಇಂಥ ಪರೀಕ್ಷೆಯ ಅಂಕ ಏರುತ್ತದೆ. ಆ ಕಲಿಕೆ ದಿನನಿತ್ಯದ ಒಡನಾಟಕ್ಕೆ ಇಳಿಯುವುದು ಅಷ್ಟು ಸುಲಭವಲ್ಲ, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಖಿನ್ನತೆಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಈ ಎರಡೂ ಸಂಗತಿಗಳನ್ನು ಬೇರೆ ಬೇರೆಯಾಗಿ, ಉದಾಹರಣೆ ಸಮೇತ ತಿಳಿಸಿ, ಯಾವಾಗ ಆರಂಭವಾಯಿತೆಂಬುದನ್ನೂ ಹೇಳಿ. ಸಿಟ್ಟು ಕಾಣುವ ತೊಂದರೆ ಖಿನ್ನತೆಯ ಜೊತೆಗೇ ಬಂದಿದ್ದರೆ ಅದರ ಜೊತೆಗೇ ಕಡಿಮೆಯಾಗುವ ಸಾಧ್ಯತೆ ಇದೆ. ಆದರೆ ಅಪರಿಚಿತರ ಮುಖಗಳಲ್ಲೂ ಬೆದರಿಕೆ ಕಾಣತೊಡಗಿದರೆ, ನಿದ್ದೆ ಕೆಟ್ಟು ಜನರಿಂದ ದೂರ ಸರಿಯತೊಡಗಿದರೆ, ಅಥವಾ ತಲೆಗೆ ಪೆಟ್ಟು ಬಿದ್ದ ಮೇಲೆ, ಫಿಟ್ಸ್ ಬಂದ ಮೇಲೆ ಈ ಬದಲಾವಣೆ ಆಗಿದ್ದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ಕೂಡಲೇ ಕರೆದುಕೊಂಡು ಹೋಗಿ.