ಹವಾಯಿಯ ಸ್ಕೂಬಾ ಅಂಗಡಿಯಲ್ಲಿ ಲೋಕಲ್ ರೇಟ್ ಯಾರಿಗೆ ಸಿಗುತ್ತದೆ?

ಓದುಗರ ಪ್ರಶ್ನೆ: ಕೆಲಸದ ಮೇಲೆ ಹೊನೊಲುಲುಗೆ ಬಂದು ಕೆಲವು ತಿಂಗಳಾಯ್ತು. ಇಲ್ಲಿ ಡೈವ್ ಶಾಪ್‌ಗಳಲ್ಲಿ 'ಕಮಆಯ್ನಾ ರೇಟ್' ಅಂತ ಸ್ಥಳೀಯರಿಗೆ ಬೇರೆ ದರ ಇದೆ. ನಾನಿನ್ನೂ ವೀಸಾ ಮೇಲೆ ಇರೋದು, ಅಮೆರಿಕದ ಪ್ರಜೆ ಅಲ್ಲ. ನಾನು ಆ ದರ ಕೇಳಬಹುದಾ? ರಜೆಗೆ ಮೈಸೂರಿಂದ ಅಪ್ಪ ಅಮ್ಮ, ಕ್ಯಾಲಿಫೋರ್ನಿಯಾದಿಂದ ಅಕ್ಕ ಭಾವ ಬರ್ತಿದ್ದಾರೆ. ಅವರಿಗೂ ಸಿಗುತ್ತಾ?

ಉತ್ತರ: ಹವಾಯಿಯ ಡ್ರೈವಿಂಗ್ ಲೈಸೆನ್ಸ್ ಅಥವಾ ಸ್ಟೇಟ್ ಐಡಿ ನಿಮ್ಮ ಕೈಯಲ್ಲಿದ್ದರೆ ನಿಮಗೆ ಸಿಗುತ್ತದೆ, ಧಾರಾಳವಾಗಿ ಕೇಳಿ. ಅಪ್ಪ ಅಮ್ಮನಿಗೆ, ಅಕ್ಕ ಭಾವನಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ನಿಮ್ಮ ಜೊತೆ ಬಂದವರು ಅಂತ ಕೆಲವು ಅಂಗಡಿಯವರು ಅವರಿಗೂ ಕೊಡುತ್ತಾರೆ, ಅದನ್ನು ಬುಕ್ ಮಾಡುವಾಗಲೇ ಕೇಳಬೇಕು. ದೋಣಿ ಹತ್ತುವಾಗ ಕೇಳಿದರೆ ಪ್ರಯೋಜನವಿಲ್ಲ.

ವೀಸಾ ಬಗ್ಗೆ ಸಂಕೋಚ ಬೇಡ. ನಮಗೆ ಗೊತ್ತಿರುವ ಎರಡು ದರದ ಪದ್ಧತಿ ಅಂದರೆ ಹಂಪಿಯದು. ವಿಜಯ ವಿಠ್ಠಲ ದೇವಸ್ಥಾನಕ್ಕೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಅಲ್ಲಿ ನೋಡುವುದು ನೀವು ಯಾವ ದೇಶದವರು ಅಂತ. ಹವಾಯಿಯ ಲೋಕಲ್ ರೇಟ್ ಹಾಗಲ್ಲ. ಇಲ್ಲಿ ನೋಡುವುದು ನಿಮ್ಮ ಮನೆ ಎಲ್ಲಿದೆ ಅನ್ನೋದನ್ನ. ಹಾಗಾಗಿ ಹೊನೊಲುಲುವಿನ ಕಕಾಆಕೊದಲ್ಲಿ ಬಾಡಿಗೆಗಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ ರಿಯಾಯಿತಿ ಉಂಟು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹುಟ್ಟಿ ಬೆಳೆದು ಅಲ್ಲೇ ಇರುವ ಅಮೆರಿಕದ ಪ್ರಜೆಗೆ ಇಲ್ಲ. ಅಕ್ಕ ಭಾವನಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕೌಂಟರ್ ಮುಂದೆ ಬೇಜಾರಾಗುತ್ತದೆ.

ವೀಸಾ ಮೇಲೆ ಇರುವವರಿಗೂ ಹವಾಯಿ ಲೈಸೆನ್ಸ್ ಸಿಗುತ್ತದೆ. ವಾಸಕ್ಕೆ ಅನುಮತಿ ಇರುವ ದಾಖಲೆ ಬೇಕು, ಇಲ್ಲಿನ ವಿಳಾಸ ತೋರಿಸುವ ಕಾಗದಗಳು ಬೇಕು. ಕಾರು ಓಡಿಸದವರು ಸ್ಟೇಟ್ ಐಡಿ ಮಾಡಿಸಿಕೊಳ್ಳಬಹುದು. ನೀವು ಇನ್ನೂ ಮಾಡಿಸಿಲ್ಲದಿದ್ದರೆ ಈ ವಾರವೇ ಆ ಕೆಲಸ ಮುಗಿಸಿ, ಸ್ಕೂಬಾಗೆ ಮಾತ್ರ ಅಂತ ಅಲ್ಲ. ಹನೌಮಾ ಬೇ ನೋಡಿ, 1967ರಿಂದ ಸಂರಕ್ಷಿತ ಕಡಲು ಅದು, ಹೊರಗಿನವರಿಗೆ ಪ್ರವೇಶಕ್ಕೆ 25 ಡಾಲರ್. ಹವಾಯಿ ಐಡಿ ಇದ್ದವರಿಗೆ ಉಚಿತ. ಡೈಮಂಡ್ ಹೆಡ್ ಬೆಟ್ಟ ಹತ್ತೋಕೂ ಹಾಗೇ, ಹೊರಗಿನವರು ಮುಂಚೆಯೇ ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸಿ 5 ಡಾಲರ್ ಕೊಡಬೇಕು, ಸ್ಥಳೀಯರು ಐಡಿ ತೋರಿಸಿ ಸುಮ್ನೆ ಒಳಗೆ ಹೋಗಬಹುದು. ಆ ಕಾರ್ಡ್ ಕೈಗೆ ಬಂದ ಮೇಲೆ ಈ ಊರಿನ ಖರ್ಚು ಸ್ವಲ್ಪವಾದರೂ ಇಳಿಯುತ್ತದೆ.

ಆದರೆ ಹನೌಮಾ ಬೇಗೂ ಡೈವ್ ಶಾಪಿಗೂ ಒಂದು ವ್ಯತ್ಯಾಸ ಇದೆ. ಅದು ಸರ್ಕಾರದ ನಿಯಮ. ಇದು ಅಂಗಡಿಯವರ ಇಷ್ಟ. ಡೈವ್ ಶಾಪ್ ಲೋಕಲ್ ರೇಟ್ ಕೊಡಲೇಬೇಕು ಅಂತ ಎಲ್ಲೂ ಕಾನೂನಿಲ್ಲ. ಒಬ್ಬರು ನೂರಕ್ಕೆ ಹತ್ತು ಬಿಡುತ್ತಾರೆ, ಇನ್ನೊಬ್ಬರು ಇಪ್ಪತ್ತು ಬಿಡುತ್ತಾರೆ, ಮೂರನೆಯವರು ಏನೂ ಬಿಡುವುದಿಲ್ಲ. ಹಾಗಿದ್ದ ಮೇಲೆ ಅವರು ಯಾಕೆ ಕೊಡುತ್ತಾರೆ ಅಂತ ತಿಳಿದುಕೊಂಡರೆ ಯಾವಾಗ ಕೇಳಬೇಕು, ಹೇಗೆ ಕೇಳಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಡೈವ್ ದೋಣಿಯ ಲೆಕ್ಕ ಹೀಗಿದೆ. ಕ್ಯಾಪ್ಟನ್ ಸಂಬಳ, ಡೀಸೆಲ್, ಡೈವ್‌ಮಾಸ್ಟರ್ ಕೂಲಿ, ಬಂದರಿನ ಬಾಡಿಗೆ, ಇವೆಲ್ಲ ನಾಲ್ಕು ಜನ ಬಂದರೂ ಹತ್ತು ಜನ ಬಂದರೂ ಹೆಚ್ಚು ಕಡಿಮೆ ಒಂದೇ. ದೋಣಿ ದಡ ಬಿಟ್ಟ ಮೇಲೆ ಖಾಲಿ ಸೀಟನ್ನು ಯಾರಿಗೂ ಮಾರೋಕಾಗಲ್ಲ. ಜೊತೆಗೆ ಪ್ರವಾಸಿಗರಲ್ಲಿ ಬಹಳ ಮಂದಿ ವೈಕಿಕಿ ಹೋಟೆಲಿನ ಟೂರ್ ಡೆಸ್ಕ್ ಮೂಲಕ ಅಥವಾ ಬುಕಿಂಗ್ ವೆಬ್‌ಸೈಟ್ ಮೂಲಕ ಬರುತ್ತಾರೆ, ಅವರು ಕೊಟ್ಟ ಹಣದಲ್ಲಿ ಒಂದು ಪಾಲು ಕಮಿಷನ್ನಿಗೇ ಹೋಗುತ್ತದೆ. ನೀವು ನೇರವಾಗಿ ಫೋನ್ ಮಾಡಿದರೆ ಆ ಕಮಿಷನ್ ಉಳಿಯಿತು. ನಿಮಗೆ ಬಿಟ್ಟ ರಿಯಾಯಿತಿಯ ದೊಡ್ಡ ಭಾಗ ಅಲ್ಲಿಂದಲೇ ಬರುತ್ತದೆ. ಇನ್ನೊಂದು ವಿಷಯ, ಪ್ರವಾಸಿ ಒಂದು ಸಲ ಬಂದು ಹೋಗುತ್ತಾನೆ. ಇಲ್ಲೇ ಇರುವವರು ಮತ್ತೆ ಮತ್ತೆ ಬರುತ್ತಾರೆ, ಟ್ಯಾಂಕಿಗೆ ಗಾಳಿ ತುಂಬಿಸುತ್ತಾರೆ, ನೀರಿನಡಿ ಉಸಿರಾಡುವ ರೆಗ್ಯುಲೇಟರನ್ನು ಸರ್ವಿಸ್‌ಗೆ ಕೊಡುತ್ತಾರೆ, ಮುಂದಿನ ಕೋರ್ಸ್ ಸೇರುತ್ತಾರೆ, ಊರಿಂದ ನೆಂಟರು ಬಂದಾಗಲೆಲ್ಲ ಅದೇ ಅಂಗಡಿಗೆ ಕರೆದುಕೊಂಡು ಬರುತ್ತಾರೆ.

ಇದರಿಂದ ನೇರವಾಗಿ ಹೊರಡುವ ಮಾತು: ಬುಕಿಂಗ್ ವೆಬ್‌ಸೈಟಿನಲ್ಲಿ ದುಡ್ಡು ಕಟ್ಟಿ ಆಮೇಲೆ ಅಂಗಡಿಗೆ ಹೋಗಿ ಲೋಕಲ್ ರೇಟ್ ಕೊಡಿ ಅಂದರೆ ಅವರು ಎಲ್ಲಿಂದ ಕೊಡುತ್ತಾರೆ? ಕಮಿಷನ್ ಆಗಲೇ ಹೋಗಿಬಿಟ್ಟಿದೆ. ಅಂಗಡಿಗೇ ಫೋನ್ ಮಾಡಿ. "ಕಮಆಯ್ನಾ ರೇಟ್ ಇದೆಯಾ?" ಅಂತ ಕೇಳಿ, ಇಲ್ಲಿ ಎಲ್ಲರೂ ಕೇಳುತ್ತಾರೆ, ಊಟದ ಹೋಟೆಲಿನಲ್ಲೂ ಕೇಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಸೈನ್ಯದಲ್ಲಿ ಇರುವವರಿಗೂ ಬಹಳ ಕಡೆ ಇದೇ ದರ, ಪರ್ಲ್ ಹಾರ್ಬರ್ ನೌಕಾನೆಲೆ ಪಕ್ಕದಲ್ಲೇ ಇದೆಯಲ್ಲ. ದರದ ಜೊತೆಗೆ ಇನ್ನೂ ಎರಡು ವಿಷಯ ಕೇಳಿ. ಸಲಕರಣೆ ಬಾಡಿಗೆ ಇದರಲ್ಲಿ ಸೇರಿದೆಯಾ, ಹವಾಮಾನ ಕೆಟ್ಟು ಟ್ರಿಪ್ ರದ್ದಾದರೆ ಹಣ ವಾಪಸ್ಸಾ ಅಥವಾ ಬೇರೆ ದಿನ ಮಾತ್ರವಾ. ಕಡಿಮೆ ದರದ ಸೀಟಿಗೆ ನಿಯಮ ಬೇರೆ ಇರಬಹುದು.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೇಳಲೇಬೇಡಿ ಅಂತ ನಾನು ಹೇಳುತ್ತೇನೆ. ಆ ವಾರಗಳಲ್ಲಿ ಪೂರ್ತಿ ದರ ಕೊಡುವವರೇ ಸಾಲುಗಟ್ಟಿ ನಿಂತಿರುತ್ತಾರೆ, ನಿಮಗೆ ಸೀಟು ಸಿಕ್ಕರೆ ಅದೇ ಹೆಚ್ಚು. ಸೆಪ್ಟೆಂಬರ್, ಅಕ್ಟೋಬರ್ ಮತ್ತು ಏಪ್ರಿಲ್ ಕೊನೆಯಿಂದ ಮೇ ತಿಂಗಳು, ಆಗ ದೋಣಿಗಳು ಖಾಲಿ ಇರುತ್ತವೆ. ವಾರದ ಮಧ್ಯೆ ರಜೆ ಹಾಕೋಕಾದರೆ ಇನ್ನೂ ಒಳ್ಳೆಯದು. ಹಿಂದಿನ ದಿನ ಮಧ್ಯಾಹ್ನ ಫೋನ್ ಮಾಡಿ ನಾಳೆ ಸೀಟಿದೆಯಾ ಅಂತ ಕೇಳುವುದು ಇಲ್ಲೇ ಇರುವವರಿಗೆ ಮಾತ್ರ ಸಾಧ್ಯವಾದ ಅನುಕೂಲ, ಅದನ್ನು ಬಳಸಿಕೊಳ್ಳಿ. ಮತ್ತೆ, ಆರೇ ಜನ ಹಿಡಿಸುವ ಸಣ್ಣ ದೋಣಿಗಳಿವೆ, 'ಸಿಕ್ಸ್ ಪ್ಯಾಕ್' ಅಂತಾರೆ. ಹಣ ಕೊಡುವ ಪ್ರಯಾಣಿಕರು ಆರಕ್ಕಿಂತ ಜಾಸ್ತಿ ಇರುವಂತಿಲ್ಲ ಅಂತ ಕೋಸ್ಟ್ ಗಾರ್ಡ್ ಲೈಸೆನ್ಸಿನಲ್ಲೇ ಮಿತಿ ಇರುತ್ತದೆ. ಅವರಿಗೆ ಒಂದೊಂದು ಸೀಟೂ ಮುಖ್ಯ. ಅವರು ರಿಯಾಯಿತಿ ಇಲ್ಲ ಅಂದರೆ ಚೌಕಾಸಿ ಮಾಡಬೇಡಿ. ಮಾವಿ ದ್ವೀಪದಲ್ಲಂತೂ 2023ರ ಆಗಸ್ಟ್ 8ರ ಬೆಂಕಿಯಲ್ಲಿ ಲಹೈನಾ ಊರೂ ಬಂದರೂ ಸುಟ್ಟುಹೋದ ಮೇಲೆ ಸಮುದ್ರವನ್ನೇ ನಂಬಿದ್ದ ಸಣ್ಣ ವ್ಯಾಪಾರದವರು ತುಂಬಾ ಕಷ್ಟ ಪಟ್ಟಿದ್ದಾರೆ. ಅಂಥವರ ಹತ್ತಿರ ಪೂರ್ತಿ ದರ ಕೊಟ್ಟರೆ ನಮ್ಮದೇನೂ ಹೋಗಲ್ಲ.

ಈಗ ದುಡ್ಡಿನ ವಿಷಯ. ಎರಡು ಟ್ಯಾಂಕಿನ ದೋಣಿ ಡೈವ್‌ಗೆ, ಅಂದರೆ ಒಂದೇ ಟ್ರಿಪ್ಪಿನಲ್ಲಿ ಎರಡು ಸಲ ನೀರಿಗೆ ಇಳಿಯೋದಕ್ಕೆ, 200 ಡಾಲರ್ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನೂರಕ್ಕೆ ಹದಿನೈದು ಬಿಟ್ಟರೆ 170. ಅದರ ಮೇಲೆ ಹವಾಯಿಯ ತೆರಿಗೆ, ಬಿಲ್ಲಿನಲ್ಲಿ ಅದು ಶೇಕಡ 4.712 ಅಂತ ಕಾಣುತ್ತದೆ, ಸುಮಾರು 8 ಡಾಲರ್. ಅಲ್ಲಿಗೆ 178. ಇದಕ್ಕೆ ಟಿಪ್ಸ್ ಸೇರಿಸಿ. ಟಿಪ್ಸ್ ಕೊಡುವಾಗ ದಯವಿಟ್ಟು 200ರ ಮೇಲೆ ಲೆಕ್ಕ ಹಾಕಿ, 170ರ ಮೇಲೆ ಅಲ್ಲ. ರಿಯಾಯಿತಿ ಕೊಟ್ಟಿದ್ದು ಮಾಲೀಕರು. ನಿಮ್ಮ ಟ್ಯಾಂಕ್ ಹೊತ್ತ, ಅಲೆಯಲ್ಲಿ ನಿಮ್ಮ ಕೈ ಹಿಡಿದು ದೋಣಿಗೆ ಹತ್ತಿಸಿದ ಹುಡುಗ ಹುಡುಗಿಯರ ಕೆಲಸ ಏನೂ ಕಡಿಮೆಯಾಗಿಲ್ಲ ಅಲ್ವಾ? ಹೊನೊಲುಲು ಬಾಡಿಗೆ ಎಷ್ಟು ಅಂತ ನಿಮಗೇ ಗೊತ್ತು. ಅವರೂ ಅದೇ ಬಾಡಿಗೆ ಕಟ್ಟುವವರು.

ಹೊಸ ಸಲಕರಣೆ ಕೊಳ್ಳುವಾಗ ಜಾಸ್ತಿ ರಿಯಾಯಿತಿ ನಿರೀಕ್ಷೆ ಮಾಡಬೇಡಿ. ದೊಡ್ಡ ಬ್ರ್ಯಾಂಡುಗಳು ಎಷ್ಟಕ್ಕಿಂತ ಕಡಿಮೆ ದರ ಹಾಕಬಾರದು ಅಂತ ಅಂಗಡಿಯವರಿಗೆ ಮೊದಲೇ ಕಟ್ಟುಪಾಡು ಹಾಕಿರುತ್ತವೆ. ಕೋರ್ಸಿನಲ್ಲಿ ಆನ್‌ಲೈನ್ ಪಾಠದ ಶುಲ್ಕವೂ ಹಾಗೇ, ಅದು ಡೈವಿಂಗ್ ಕಾರ್ಡ್ ಕೊಡುವ ಪಾಡಿ ಅಥವಾ ಎಸ್‌ಎಸ್‌ಐ ಸಂಸ್ಥೆಗೆ ಹೋಗುವ ಹಣ.

ಇನ್ನು ನೆಂಟರ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುವುದಿದೆ, ಯಾಕೆಂದರೆ ಅವರ ಖರ್ಚು ಉಳಿಸುವ ದಾರಿ ಲೋಕಲ್ ರೇಟ್ ಅಲ್ಲ, ಬೇರೆ ಇದೆ.

ನಮ್ಮ ಕಡೆಯಿಂದ ಬರುವವರಲ್ಲಿ ಅನೇಕರು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿರುತ್ತಾರೆ. "ನಮಗೆ ಸರ್ಟಿಫಿಕೇಟ್ ಕೊಟ್ಟಿದ್ದಾರೆ" ಅಂತಾರೆ. ಅದನ್ನು ನಂಬಿ ಸರ್ಟಿಫೈಡ್ ಡೈವರ್ ಸೀಟು ಬುಕ್ ಮಾಡಬೇಡಿ. ಈಜು ಬರದವರನ್ನೂ ಇನ್‌ಸ್ಟ್ರಕ್ಟರ್ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗುವ ಡೈವ್ ಅದು, ಸಿಗುವ ಕಾಗದ ನೆನಪಿಗೆ ಮಾತ್ರ. ಸ್ವತಂತ್ರವಾಗಿ ಡೈವ್ ಮಾಡಲು ಬೇಕಾದ ಓಪನ್ ವಾಟರ್ ಕಾರ್ಡ್ ಬೇರೆ. ಅದಕ್ಕೆ ಪಾಠ, ಈಜುಕೊಳದ ತರಬೇತಿ, ಆಮೇಲೆ ತೆರೆದ ನೀರಿನಲ್ಲಿ 4 ಡೈವ್ ಆಗಬೇಕು. ಕಾರ್ಡ್ ಇಲ್ಲದವರಿಗೆ ಹವಾಯಿಯಲ್ಲಿ ಪರಿಚಯದ ಡೈವ್ ಮಾತ್ರ, ಅದರ ದರ ಬೇರೆ.

ನೆಂಟರಲ್ಲಿ ಯಾರಿಗಾದರೂ ನಿಜವಾಗಿ ಕಲಿಯುವ ಆಸೆ ಇದ್ದರೆ, ಪಾಠ ಮತ್ತು ಈಜುಕೊಳದ ಭಾಗವನ್ನು ಬೆಂಗಳೂರಿನಲ್ಲೇ ಮುಗಿಸಿಕೊಂಡು ಬರಲಿ. ಸಮುದ್ರವಿಲ್ಲದ ಬೆಂಗಳೂರಿನಲ್ಲಿ ಕಲಿಯುವವರೆಲ್ಲ ಮಾಡುವುದೇ ಹೀಗೆ, ಕೊಳದಲ್ಲಿ ಕಲಿತು ನೇತ್ರಾಣಿಗೋ ಅಂಡಮಾನಿಗೋ ಹೋಗಿ ಉಳಿದ ಡೈವ್ ಮಾಡುತ್ತಾರೆ. ಇದಕ್ಕೆ 'ರೆಫರಲ್' ಅಂತಾರೆ. ಪಾಡಿ ರೆಫರಲ್ 12 ತಿಂಗಳು ನಡೆಯುತ್ತದೆ. ಆ ಕಾಗದ ತಂದರೆ ಇಲ್ಲಿ 4 ಡೈವ್ ಮಾತ್ರ ಬಾಕಿ. ಇದರಲ್ಲಿ ಉಳಿಯುವ ಹಣ, ಸಮಯ ಎರಡೂ ಲೋಕಲ್ ರೇಟಿಗಿಂತ ಎಷ್ಟೋ ಹೆಚ್ಚು. ರಜೆಯ ದಿನಗಳನ್ನು ತರಗತಿಯಲ್ಲಿ ಕಳೆಯುವ ಬದಲು ಕಡಲಲ್ಲೇ ಕಳೆಯಬಹುದು.

ನಿಮ್ಮ ಐಡಿಯನ್ನು ಅವರಿಗೆ ಕೊಟ್ಟು ಕಳಿಸುವ ಯೋಚನೆ ಮಾತ್ರ ಮಾಡಬೇಡಿ. ಭಾವನ ಮುಖ ನಿಮ್ಮ ಹಾಗೇ ಇದ್ದರೂ ಬೇಡ. 30 ಡಾಲರ್ ವಿಷಯ ಅಲ್ಲ ಇದು. ದೋಣಿಯಲ್ಲಿ ಬರೆಸಿಕೊಳ್ಳುವ ಹೆಸರು, ವಯಸ್ಸು, ಮನೆಯವರ ಫೋನ್ ನಂಬರು, ಇವೆಲ್ಲ ಅಪಾಯ ಬಂದಾಗ ಕೆಲಸಕ್ಕೆ ಬರುವ ವಿವರಗಳು. ನೀರಿನಿಂದ ಎಲ್ಲರೂ ಮೇಲೆ ಬಂದರಾ ಅಂತ ಹೆಸರು ಕರೆದು ಎಣಿಸುತ್ತಾರೆ. ಅಲ್ಲಿ ತಪ್ಪು ಹೆಸರು ಇರಬಾರದು.

ಅಪ್ಪ ಅಮ್ಮ ನೀರಿಗೆ ಇಳಿಯುವ ಉತ್ಸಾಹದಲ್ಲಿದ್ದರೆ ಮೆಡಿಕಲ್ ಫಾರ್ಮ್ ಬಗ್ಗೆ ಈಗಲೇ ಯೋಚನೆ ಮಾಡಿ. ಡೈವ್‌ಗೆ ಮುಂಚೆ ಒಂದು ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಾರೆ. ಬಿಪಿ, ಶುಗರ್, ಹೃದಯ, ಆಸ್ತಮಾ, ಇತ್ತೀಚಿನ ಆಪರೇಷನ್, ಎಲ್ಲ ಕೇಳುತ್ತಾರೆ. 45 ದಾಟಿದವರಿಗೆ ಕೊಲೆಸ್ಟ್ರಾಲ್, ಸಿಗರೇಟು ಅಂತ ಇನ್ನೂ ಕೆಲವು ಪ್ರಶ್ನೆಗಳಿವೆ. ಇಂಥವುಗಳಿಗೆ 'ಹೌದು' ಅಂತ ಬಂದರೆ ವೈದ್ಯರ ಸಹಿ ಇಲ್ಲದೆ ನೀರಿಗೆ ಇಳಿಸುವುದಿಲ್ಲ. ನಮ್ಮ ಮನೆಗಳಲ್ಲಿ ಆ ವಯಸ್ಸಿನವರಿಗೆ ಬಿಪಿ ಶುಗರ್ ಎರಡೂ ಇಲ್ಲದವರು ಎಷ್ಟು ಜನ? ಇಲ್ಲಿ ಬಂದು ಕೊನೆ ಗಳಿಗೆಯಲ್ಲಿ ವೈದ್ಯರನ್ನು ಹುಡುಕಿದರೆ ಆ ಖರ್ಚೇ ಡೈವ್‌ಗಿಂತ ದೊಡ್ಡದಾಗುತ್ತದೆ. ಫಾರ್ಮ್ ಡೌನ್‌ಲೋಡ್ ಮಾಡಿ ಮೈಸೂರಿಗೆ ಕಳಿಸಿ. ಅವರನ್ನು ವರ್ಷಾನುಗಟ್ಟಲೆ ನೋಡುತ್ತಿರುವ ಡಾಕ್ಟರ ಹತ್ತಿರವೇ ತೋರಿಸಿ, ಅವರು ಒಪ್ಪಿದರೆ ಸಹಿ ಹಾಕಿಸಿಕೊಂಡು ತರಲಿ. ಒಪ್ಪದಿದ್ದರೆ ಒತ್ತಾಯ ಬೇಡ. ಫಾರ್ಮಿನಲ್ಲಿ ಸುಳ್ಳು ಬರೆಯುವುದಂತೂ ಬೇಡವೇ ಬೇಡ.

ಇನ್ನೊಂದು ಎಚ್ಚರಿಕೆ. ನೆಂಟರು ಬಂದಾಗ ಒಂದೇ ದಿನದಲ್ಲಿ ಎಲ್ಲ ತೋರಿಸುವ ಆತುರ ಇರುತ್ತದೆ. ಮಾವಿಗೆ ಹೋದರೆ ಬೆಳಿಗ್ಗೆ ಮೊಲೊಕಿನಿ ಅನ್ನೋ ಪುಟ್ಟ ದ್ವೀಪದ ಹತ್ತಿರ ಡೈವ್, ಸಂಜೆ ಹಲೆಯಾಕಲಾ ಪರ್ವತದ ಮೇಲೆ ಸೂರ್ಯಾಸ್ತ ಅಂತ ಪ್ಲಾನ್ ಹಾಕಿಬಿಡುತ್ತಾರೆ. ಹಲೆಯಾಕಲಾ ತುದಿ 3,055 ಮೀಟರ್ ಎತ್ತರ. ಡೈವ್ ಆದ ಮೇಲೆ ಮೈಯಲ್ಲಿ ಉಳಿದಿರುವ ನೈಟ್ರೋಜನ್ ಅಷ್ಟು ಎತ್ತರದಲ್ಲಿ ಗುಳ್ಳೆಯಾಗಿ ತೊಂದರೆ ಕೊಡಬಹುದು. ವಿಮಾನ ಹತ್ತುವುದಕ್ಕೂ ಇದೇ ಕಾರಣಕ್ಕೆ ಕಾಯಬೇಕು. ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ ಕನಿಷ್ಠ 18 ಗಂಟೆ. ದ್ವೀಪದಿಂದ ದ್ವೀಪಕ್ಕೆ ಹಾರುವ ಸಣ್ಣ ವಿಮಾನವೂ ವಿಮಾನವೇ. ಹಾಗಾಗಿ ಪರ್ವತ ಮೊದಲು, ಡೈವ್ ಆಮೇಲೆ, ಹೊರಡುವ ಹಿಂದಿನ ದಿನ ನೀರಿಗೆ ಇಳಿಯದೆ ಇರುವುದು, ಹೀಗೆ ದಿನಗಳನ್ನು ಜೋಡಿಸಿ.

ಡೈವ್ ಆಗದ ಹಿರಿಯರಿಗೂ ದಾರಿ ಇದೆ. ಬಿಗ್ ಐಲ್ಯಾಂಡಿನ ಕೋನಾದಲ್ಲಿ ರಾತ್ರಿ ಹೊತ್ತು ನೀರಿಗೆ ದೀಪ ಹಾಕುತ್ತಾರೆ, ಬೆಳಕಿಗೆ ಪ್ಲಾಂಕ್ಟನ್ ಅನ್ನೋ ಸಣ್ಣ ಜೀವಿಗಳು ಸೇರುತ್ತವೆ, ಅವನ್ನು ತಿನ್ನಲು ಮ್ಯಾಂಟಾ ರೇ ಅನ್ನೋ ದೊಡ್ಡ ಮೀನುಗಳು ಬರುತ್ತವೆ. ಡೈವರುಗಳು ಕೆಳಗೆ ಕೂತು ನೋಡಿದರೆ ಸ್ನಾರ್ಕೆಲ್ ಹಾಕಿದವರು ಮೇಲೆ ತೇಲುತ್ತಾ ನೋಡುತ್ತಾರೆ. ಈಜು ಮತ್ತು ಆರೋಗ್ಯದ ಬಗ್ಗೆ ಅಲ್ಲೂ ಕೇಳುತ್ತಾರೆ, ನೀರಿನ ಭಯ ಇರುವವರಿಗೆ ರಾತ್ರಿ ಸಮುದ್ರ ಸುಲಭವಲ್ಲ, ಅದನ್ನು ಅವರಿಗೆ ಸರಿಯಾಗಿ ಹೇಳಿಯೇ ಕರೆದುಕೊಂಡು ಹೋಗಿ. ಲೋಕಲ್ ರೇಟ್ ಇಂಥ ಟ್ರಿಪ್‌ಗಳಲ್ಲೂ ಕೆಲವರು ಕೊಡುತ್ತಾರೆ. ಐವರಲ್ಲಿ ನಿಮಗೊಬ್ಬರಿಗೆ ಐಡಿ ಇದ್ದರೂ ಫೋನ್ ಮಾಡುವವರು ನೀವೇ ಆಗಿರಿ, ಅಕ್ಕನ ಕೈಯಲ್ಲಿ ಆನ್‌ಲೈನ್ ಬುಕ್ ಮಾಡಿಸಬೇಡಿ.