ಅಟ್ಟ ಹತ್ತಿದ ಕಂಪ್ಯೂಟರುಗಳು

ಕಳೆದ ಮಳೆಗಾಲ ಶುರುವಾಗುವ ಮೊದಲು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಆಫೀಸಿನ ಅಟ್ಟಕ್ಕೆ ಹತ್ತಿದ್ದೆ. ಹಂಚಿನ ಸಂದಿಯಿಂದ ನೀರು ಬೀಳ್ತದೆ, ಮೇಲೆ ಇರುವ ಕಂಪ್ಯೂಟರು ಸಾಮಾನು ಒಮ್ಮೆ ನೋಡಿ ಹೋಗಿ ಅಂತ ಸೆಕ್ರೆಟ್ರಿಯವರು ಫೋನ್ ಮಾಡಿದ್ರು. ಏಣಿ ಹತ್ತಿ ಟಾರ್ಚ್ ಬಿಟ್ಟು ನೋಡಿದ್ರೆ ಹನ್ನೊಂದು ಸಿಪಿಯು, ನಾಲ್ಕು ಹಳೇ ಡೊಳ್ಳು ಹೊಟ್ಟೆಯ ಮಾನಿಟರು, ಏಳೆಂಟು ಯುಪಿಎಸ್, ಒಂದು ಗೋಣಿ ತುಂಬ ಕೇಬಲು, ಇಲಿ ಗೂಡು ಕಟ್ಟಿದ ಒಂದು ಪ್ರಿಂಟರು. ಇಷ್ಟೆಲ್ಲ ಎಂತಕ್ಕೆ ಇಟ್ಟಿದ್ದೀರಿ ಅಂತ ಕೇಳಿದ್ದಕ್ಕೆ ಕೆಳಗಿಂದ ಉತ್ತರ ಬಂತು, "ಇರ್ಲಿ ಮಾರಾಯ್ರೇ, ಯಾವುದಕ್ಕಾದ್ರೂ ಬೇಕಾದೀತು."

ಈ "ಬೇಕಾದೀತು" ನಮ್ಮ ಕಡೆಯ ಎಲ್ಲಾ ಆಫೀಸಿನಲ್ಲೂ ಉಂಟು. ತೆಂಗಿನ ಗರಟೆ ಕೂಡ ಬಿಸಾಡದ ಜನ ನಾವು, ಅದು ಒಳ್ಳೇ ಗುಣವೇ, ಆದ್ರೆ ಗರಟೆ ಅಟ್ಟದಲ್ಲಿ ಹತ್ತು ವರ್ಷ ಇದ್ರೂ ಗರಟೆಯೇ, ಕಂಪ್ಯೂಟರು ಹಾಗಲ್ಲ, ಅದು ಸುಮ್ಮನೆ ಕೂತಲ್ಲೇ ಸಾಯ್ತದೆ.

ಹೇಗೆ ಅಂತ ನೋಡಿ. ಯುಪಿಎಸ್ ಒಳಗೆ ಇರುವುದು ಸೀಸ ಮತ್ತು ಆಸಿಡ್‌ನ ಬ್ಯಾಟರಿ. ಅದನ್ನು ಬಳಸದೆ ಇಟ್ರೂ ಚಾರ್ಜು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಇಳೀತಾ ಹೋಗ್ತದೆ, ಸೆಕೆ ಜಾಸ್ತಿ ಇದ್ದಷ್ಟು ಬೇಗ, ಹಂಚಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಎಷ್ಟು ಸೆಕೆ ಅಂತ ನಿಮಗೆ ಗೊತ್ತುಂಟಲ್ಲ. ಚಾರ್ಜು ಇಳಿದಾಗ ಸೀಸದ ಪ್ಲೇಟಿನ ಮೇಲೆ ಲೆಡ್ ಸಲ್ಫೇಟಿನ ಹರಳು ಕೂರ್ತದೆ, ಕೂಡ್ಲೇ ಚಾರ್ಜ್ ಮಾಡಿದ್ರೆ ಅದು ಕರಗ್ತದೆ, ತಿಂಗಳುಗಟ್ಟಲೆ ಬಿಟ್ರೆ ಗಟ್ಟಿಯಾಗಿ ಬಿಡ್ತದೆ, ಮತ್ತೆ ಎಂತ ಮಾಡಿದ್ರೂ ಬ್ಯಾಟರಿ ಏಳುವುದಿಲ್ಲ. ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಇಟ್ರೆ ವೋಲ್ಟೇಜು ಅಪಾಯದ ಮಟ್ಟಕ್ಕಿಂತ ಕೆಳಗೆ ಹೋಗಿ ಅದೂ ಸಾಯ್ತದೆ, ಕೆಲವು ಹಪ್ಪಳದ ಹಾಗೆ ಉಬ್ಬಿ ಬಾಡಿಯನ್ನೇ ಎಬ್ಬಿಸ್ತವೆ. ಇಡ್ಲೇಬೇಕಾದ್ರೆ ಅರ್ಧ ಚಾರ್ಜಿನಲ್ಲಿ ಇಡಿ.

ಮತ್ತೆ ನಮ್ಮ ಕಡಲ ಗಾಳಿ. ರ‍್ಯಾಮಿನ (ಕಂಪ್ಯೂಟರಿನ ನೆನಪಿನ ಚಿಪ್ ಇರುವ ಪಟ್ಟಿ) ಅಂಚಿನಲ್ಲಿ ಹೊಳೆಯುವುದು ಚಿನ್ನದ ಲೇಪ ಹೌದು, ಆದ್ರೆ ಎಷ್ಟು ತೆಳು ಅಂದ್ರೆ ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರ್ತವೆ, ಉಪ್ಪು ಮತ್ತು ತೇವ ಆ ತೂತಿನಿಂದ ಇಳಿದು ಕೆಳಗಿನ ತಾಮ್ರಕ್ಕೆ ಕಿಲುಬು ಹಿಡಿಸ್ತದೆ. ಸರ್ವಿಸಿನವರು ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿದ ಕೂಡ್ಲೇ ಕಂಪ್ಯೂಟರು ಆನ್ ಆಗುವುದು ನೋಡಿದ್ದೀರಲ್ಲ, ಮಂತ್ರ ಎಂತದ್ದೂ ಅಲ್ಲ, ಆ ಕಿಲುಬೇ. ಆದ್ರೆ ಮದರ್‌ಬೋರ್ಡಿನ (ಚಿಪ್ಪುಗಳೆಲ್ಲ ಕೂರುವ ಮುಖ್ಯ ಬೋರ್ಡು) ಕೂದಲೆಳೆ ದಪ್ಪದ ತಾಮ್ರದ ಗೆರೆಗೇ ಕಿಲುಬು ಹಿಡಿದ್ರೆ ರಬ್ಬರು ಸಾಕಾಗುವುದಿಲ್ಲ. ನಾಲ್ಕೈದು ಮಳೆಗಾಲ ಕಳೆದ ಮಷಿನು ಗುಜರಿಯೇ ಸರಿ.

ಅಟ್ಟ ಹತ್ತಿಸುವ ದಿನ ಆ ಮಷಿನಿಗೆ ಎಷ್ಟು ವಯಸ್ಸು? ಹೆಚ್ಚಿನದ್ದಕ್ಕೆ ಐದಾರು ವರ್ಷ. ಅಂದ್ರೆ ಇನ್ನೂ ದುಡಿಯುವ ಪ್ರಾಯ. ಒಂದು ಕಂಪ್ಯೂಟರಿನ ಪರಿಸರದ ಖರ್ಚಿನಲ್ಲಿ ದೊಡ್ಡ ಪಾಲು ಆಗುವುದು ಅದನ್ನು ತಯಾರು ಮಾಡುವಾಗ, ನಾವು ಕರೆಂಟು ಹಾಕಿ ಓಡಿಸುವಾಗ ಅಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಯುನೈಟೆಡ್ ನೇಷನ್ಸ್ ಯೂನಿವರ್ಸಿಟಿಯವರು ಲೆಕ್ಕ ಹಾಕಿದ್ರು, ಹಳೇ ಮಾನಿಟರು ಸಮೇತ ಒಂದು ಡೆಸ್ಕ್‌ಟಾಪ್ ಮಾಡ್ಲಿಕ್ಕೆ ಕಡಿಮೆಯೆಂದ್ರೂ 240 ಕಿಲೋ ಇಂಧನ, 22 ಕಿಲೋ ಕೆಮಿಕಲ್, 1500 ಕಿಲೋ ನೀರು, ಒಟ್ಟು ಒಂದು ದೊಡ್ಡ ಕಾರಿನಷ್ಟು ತೂಕ. ಈಗಿನ ಮಷಿನಿನ ಲೆಕ್ಕ ಬೇರೆ ಇದ್ದೀತು, ಆದ್ರೂ ಚಿಪ್ ಮಾಡುವ ಕೆಲಸ ಈಗಲೂ ಭಯಂಕರ ಕರೆಂಟು, ನೀರು ಕುಡಿಯುವ ಕೆಲಸವೇ. ಹಾಗಾಗಿ ಇರುವ ಮಷಿನಿಗೆ ಇನ್ನು ಮೂರು ವರ್ಷ ಆಯುಷ್ಯ ಕೊಡುವುದು ಯಾವ ರೀಸೈಕ್ಲಿಂಗಿಗಿಂತಲೂ ದೊಡ್ಡ ಕೆಲಸ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕ್) ಹಾಕಿ, ರ‍್ಯಾಮ್ 4 ಜಿಬಿ ಇದ್ರೆ 8 ಮಾಡಿ, ಟೈಪಿಂಗು ಬಿಲ್ಲಿಂಗಿಗೆ ಧಾರಾಳ ಸಾಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು, ವಿಂಡೋಸ್ 11 ಹಾಕ್ಲಿಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಎಷ್ಟೋ ಹಳೇ ಮಷಿನಿನಲ್ಲಿ ಅದಿಲ್ಲ, ಹಾಗಾಗಿ ಒಂದೂ ಸ್ಕ್ರೂ ಸಡಿಲ ಆಗದ ಕಂಪ್ಯೂಟರುಗಳೆಲ್ಲ ಏಣಿಯ ಬುಡಕ್ಕೆ ಬಂದು ನಿಂತಿವೆ. ಇದಕ್ಕೆ ನಮ್ಮ ಜಿಲ್ಲೆಯಲ್ಲಿ ಭಯಪಡ್ಲಿಕ್ಕೇ ಇಲ್ಲ ಅಂತ ನನ್ನ ಅಭಿಪ್ರಾಯ. ಎಂತಕ್ಕೆಂದ್ರೆ ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸಿನಲ್ಲಿ, ಶಾಲೆಗಳ ಐಟಿ ನೋಡುವ ಸರ್ಕಾರದ ಸಂಸ್ಥೆ ಕೈಟ್‌ನವರು ಕೊಡುವ ಉಬುಂಟು ಅನ್ನುವ ಲಿನಕ್ಸಿನಲ್ಲಿ, ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೂ ಅದು ನೀರು ಕುಡಿದ ಹಾಗೆ. ಅಪ್ಪ ಆಫೀಸಿನಲ್ಲಿ ವಿಂಡೋಸ್ ಇಲ್ಲ ಅಂತ ತಲೆಗೆ ಕೈಕೊಟ್ಟು ಕೂತಿರ್ತಾರೆ, ಎಂಟನೇ ಕ್ಲಾಸಿನ ಮಗಳು ಮನೆಯಲ್ಲಿ ಪೆನ್‌ಡ್ರೈವಿನಿಂದ ಲಿನಕ್ಸ್ ಇನ್‌ಸ್ಟಾಲ್ ಮಾಡ್ತಿರ್ತಾಳೆ.

ಆದ್ರೂ ಆಫೀಸಿನವರು ಹಳೇ ಮಷಿನನ್ನು ಬೇಕಾದವರಿಗೆ ಕೊಡುವುದಿಲ್ಲ. ಮೊದಲ ಕಾರಣ ಆಡಿಟ್. ನಲ್ವತ್ತು ಸಾವಿರಕ್ಕೆ ತೆಗೊಂಡದ್ದು ರಿಜಿಸ್ಟರಿನಲ್ಲಿ ಉಂಟು, ವಸ್ತು ಇಲ್ಲದಿದ್ರೆ ಆಡಿಟರ್ ಕೇಳ್ತಾರೆ ಅಂತ ಹೆದರಿಕೆ. ಆದ್ರೆ ಇನ್‌ಕಂಟ್ಯಾಕ್ಸ್ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40 ಪರ್ಸೆಂಟ್ ಸವಕಳಿ, ಐದು ವರ್ಷ ಕಳೆದ್ರೆ ಆ ನಲ್ವತ್ತು ಸಾವಿರ ಬರೀ 3110 ರೂಪಾಯಿ. ಕಂಪನಿ ಕಾನೂನಿನಲ್ಲಂತೂ ಡೆಸ್ಕ್‌ಟಾಪಿನ ಆಯುಷ್ಯ ಮೂರೇ ವರ್ಷ ಅಂತ ಬರೆದಿದೆ. ಪುಸ್ತಕದಲ್ಲಿ ಸತ್ತದ್ದನ್ನು ಅಟ್ಟದಲ್ಲಿ ಕಾಯುವುದು ಎಂತಕ್ಕೆ? ಮೀಟಿಂಗಿನಲ್ಲಿ ಒಂದು ನಿರ್ಣಯ, ಸೀರಿಯಲ್ ನಂಬರಿನ ಲಿಸ್ಟು, ತೆಗೊಂಡವರ ರಸೀದಿ, ಇಷ್ಟು ಇದ್ರೆ ಆಡಿಟರಿಗೆ ತೋರಿಸ್ಲಿಕ್ಕೆ ಕಾಗದ ಉಂಟು.

ಎರಡನೇ ಹೆದರಿಕೆ ಡೇಟಾದ್ದು, ಇದು ಮಾತ್ರ ನ್ಯಾಯವಾದ ಹೆದರಿಕೆ. ಫೈಲ್ ಡಿಲೀಟ್ ಮಾಡುವುದು ಅಂದ್ರೆ ಪುಸ್ತಕದ ಪರಿವಿಡಿಯಿಂದ ಪಾಠದ ಹೆಸರು ಹೊಡೆದ ಹಾಗೆ, ಪಾಠ ಒಳಗೆ ಹಾಗೇ ಇರ್ತದೆ. ಕ್ವಿಕ್ ಫಾರ್ಮ್ಯಾಟೂ ಅಷ್ಟೇ. ತಿರುಗುವ ಹಾರ್ಡ್‌ಡಿಸ್ಕಿಗೆ ಇಡೀ ಡಿಸ್ಕಿನ ಮೇಲೆ ಒಂದು ಸಲ ಸೊನ್ನೆ ಬರೆದ್ರೆ ಸಾಕು, ಏಳು ಸಲ ಬರೀಬೇಕು ಅನ್ನುವುದೆಲ್ಲ ಹಳೇ ಕಾಲದ ಕಥೆ. ಆದ್ರೆ ಎಸ್‌ಎಸ್‌ಡಿಗೆ ಈ ಉಪಾಯ ನಂಬ್ಲಿಕ್ಕೆ ಆಗುವುದಿಲ್ಲ, ಅದು ಚಿಪ್ ಸಮನಾಗಿ ಸವೆಯಲಿ ಅಂತ ನಾವು ಬರೆದದ್ದನ್ನು ತನಗೆ ಬೇಕಾದ ಕಡೆ ಹಾಕ್ತದೆ, ಹಳೇ ಪ್ರತಿ ಎಲ್ಲೋ ಮೂಲೆಯಲ್ಲಿ ಉಳೀತದೆ, ಅದಕ್ಕೆ ಡ್ರೈವಿನ ಒಳಗೇ ಇರುವ ಸೆಕ್ಯೂರ್ ಇರೇಸ್ ಕಮಾಂಡ್ ಕೊಡ್ಬೇಕು. ಡಿಸ್ಕ್ ಹೇಗೂ ಹಾಳಾಗಿದ್ರೆ ಡ್ರಿಲ್ ಹಾಕಿ. (ಲ್ಯಾಪ್‌ಟಾಪಿನ ಎಷ್ಟೋ ಹಾರ್ಡ್‌ಡಿಸ್ಕಿನ ತಟ್ಟೆ ಗಾಜಿನದ್ದು, ಒಡೆದು ಚೂರು ಕಣ್ಣಿಗೆ ಹಾರ್ತದೆ, ಕನ್ನಡಕ ಹಾಕ್ಕೊಳ್ಳಿ.) ಮತ್ತೆ ಎಲ್ರೂ ಮರೆಯುವುದು ದೊಡ್ಡ ಜೆರಾಕ್ಸ್ ಮಷಿನು, ಎಷ್ಟೋ ಮಾಡೆಲಿನ ಒಳಗೂ ಹಾರ್ಡ್‌ಡಿಸ್ಕ್ ಉಂಟು, ಕಾಪಿ ತೆಗೆದ ಆಧಾರ್, ಪಾನ್ ಅದರಲ್ಲಿ ಕೂತಿರ್ಲಿಕ್ಕೂ ಸಾಕು.

ಹೀಗೆ ಹೆದರಿ ಹೆದರಿ ಹತ್ತು ವರ್ಷ ಇಟ್ಟು, ಒಂದು ದಿನ ಪೈಂಟ್ ಹೊಡೆಸುವಾಗ ಅಷ್ಟನ್ನೂ ಒಟ್ಟಿಗೆ ಗುಜರಿಗೆ ಕೊಡ್ತಾರೆ, ಡಿಸ್ಕ್ ಸಮೇತ. ಕನ್ನಡದಲ್ಲಿ ಗುಜರಿ, ಮಲಯಾಳದಲ್ಲಿ ಆಕ್ರಿ, ತೂಕದ ರೇಟು ಒಂದೇ. ಗುಜರಿಯವರನ್ನು ನಾನು ಬೈಯುವುದಿಲ್ಲ, ಕಬ್ಬಿಣದ ಬಾಡಿ, ಅಲ್ಯುಮಿನಿಯಂ ಹೀಟ್‌ಸಿಂಕ್ ಅವರ ಕೈಯಲ್ಲಿ ಚೆಂದಕ್ಕೆ ಬೇರೆ ಆಗ್ತದೆ. ತೊಂದ್ರೆ ಶುರುವಾಗುವುದು ಕೇಬಲ್ ಸುಡುವಲ್ಲಿ, ಬೋರ್ಡ್ ಕೈ ದಾಟಿ ದಾಟಿ ದೂರ ಹೋಗುವಲ್ಲಿ. ಕೇಬಲಿನ ಪಿವಿಸಿ ಸುಟ್ರೆ ಡಯಾಕ್ಸಿನ್ ಅನ್ನುವ ವಿಷ ಬರ್ತದೆ. ಉತ್ತರ ಪ್ರದೇಶದ ಮೊರಾದಾಬಾದ್ ಬೋರ್ಡ್ ಸುಟ್ಟು ಲೋಹ ತೆಗೆಯುವುದಕ್ಕೇ ಹೆಸರು ಕೆಡಿಸಿಕೊಂಡ ಊರು.

ಇಷ್ಟು ಆಸೆ ಎಂತಕ್ಕೆ ಅಂದ್ರೆ ಚಿನ್ನ. ಕೋಲಾರದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದುರಿನಲ್ಲಿ ಮೂರು ಗ್ರಾಂ ಆಸುಪಾಸು ಸಿಗ್ತಿತ್ತು, ಕಂಪ್ಯೂಟರಿನ ಬೋರ್ಡು ಒಂದು ಟನ್ ಇದ್ರೆ ಇನ್ನೂರು ಗ್ರಾಂ ಆಸುಪಾಸು. ಹಾಗಂತ ನೀವು ಹೊರಡ್ಬೇಡಿ, ಬೋರ್ಡು ಒಂದು ಟನ್ ಆಗ್ಲಿಕ್ಕೆ ಸಾವಿರಾರು ಕಂಪ್ಯೂಟರು ಬೇಕು. ಸರಿಯಾದ ಕಾರ್ಖಾನೆಯಲ್ಲಿ ಬೋರ್ಡನ್ನು ಪುಡಿ ಮಾಡಿ, ತಾಮ್ರದ ಜೊತೆ ಸಾವಿರದ ಮೇಲೆ ಡಿಗ್ರಿಯಲ್ಲಿ ಕರಗಿಸ್ತಾರೆ, ಚಿನ್ನ ಬೆಳ್ಳಿ ತಾಮ್ರದ ಒಳಗೆ ಸೇರಿಕೊಳ್ತದೆ, ಆಮೇಲೆ ಆ ತಾಮ್ರವನ್ನು ಕರೆಂಟು ಹಾಯಿಸಿ ಶುದ್ಧ ಮಾಡುವಾಗ ತೊಟ್ಟಿಯ ತಳದಲ್ಲಿ ಉಳಿಯುವ ಕೆಸರಿನಿಂದ ಚಿನ್ನ ತೆಗೀತಾರೆ, ಹೊಗೆಗೆ ಫಿಲ್ಟರ್ ಇರ್ತದೆ. ಕಳ್ಳ ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು, ಆಸಿಡ್, ಕೆಲಸ ಮುಗಿದ ಮೇಲೆ ಅದೇ ನೀರು ತೋಡಿಗೆ.

ನಮ್ಮ ಕಡೆ ಇದು ಇನ್ನೂ ಅಪಾಯ, ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ನೆಲ. ಜರಡಿಯ ಹಾಗೆ ನೀರು ಇಳಿಸ್ತದೆ, ಅದರಿಂದಲೇ ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಸುರಂಗ ಕೊರೆದು ಜನ ನೀರು ಕುಡಿಯುವುದು. ಹಳೇ ಮಾನಿಟರಿನ ಗಾಜಿನಲ್ಲಿ ಎಕ್ಸ್‌ರೇ ತಡೀಲಿಕ್ಕೆ ಸೀಸ ಹಾಕಿರ್ತಾರೆ, ಕಿಲೋ ಲೆಕ್ಕದಲ್ಲಿ. ಗಾಜು ಇಡಿಯಾಗಿದ್ರೆ ಸೀಸ ಒಳಗೇ, ಒಡೆದು ಹಳೇ ಕಲ್ಲಿನ ಕೋರೆಗೆ ಹಾಕಿದ್ರೆ ಮಳೆನೀರಿನಲ್ಲಿ ಸ್ವಲ್ಪ ಸ್ವಲ್ಪ ಹೊರಗೆ ಬರ್ತದೆ. ಗುಡ್ಡದ ಮೇಲೆ ಹಾಕಿದ್ದು ಕೆಳಗಿನ ಮನೆಗೆ ಬರ್ತದೆ ಅಂತ ಗೇರು ತೋಟಕ್ಕೆ ಸ್ಪ್ರೇ ಮಾಡಿದ ಕೀಟನಾಶಕ ಎಂಡೋಸಲ್ಫಾನ್ ಕಂಡ ಊರಿಗೆ ನಾನು ಹೇಳ್ಬೇಕಾ? ಸ್ಪ್ರೇ ನಿಂತದ್ದು 2000ದಲ್ಲಿ, ಆದ್ರೆ ಉಳಿದ ವಿಷ ಪೆರಿಯ, ರಾಜಪುರಂ, ಚೀಮೇನಿಯ ಗೋಡೌನಿನಲ್ಲಿ ವರ್ಷಗಟ್ಟಲೆ ಕೂತಿತ್ತು, ಬ್ಯಾರೆಲ್ ಸೋರಿ 2012ರಲ್ಲಿ ಬೇರೆ ಬ್ಯಾರೆಲಿಗೆ ತುಂಬಿಸ್ಬೇಕಾಯ್ತು. ಇಟ್ಟದ್ದು ಅಂದ್ರೆ ಮುಗಿದದ್ದು ಅಲ್ಲ.

ಕಾನೂನು ಉಂಟು. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಮಾಡಿ ಮಾರಿದ ಕಂಪನಿಯೇ ರೀಸೈಕ್ಲಿಂಗಿನ ಜವಾಬ್ದಾರಿ ಹೊರಬೇಕು, ಸಾವಿರ ಅಥವಾ ಹೆಚ್ಚು ಉಪಕರಣ ಬಳಸುವ ಸಂಸ್ಥೆ ರಿಜಿಸ್ಟರ್ ಆದವರಿಗೇ ಕೊಡ್ಬೇಕು. ನಮ್ಮ ಹತ್ತು ಕಂಪ್ಯೂಟರಿನ ಆಫೀಸು ಆ ಲೆಕ್ಕಕ್ಕೆ ಬರುವುದಿಲ್ಲ, ಆದ್ರೆ ದಾರಿ ನಮಗೂ ಉಂಟು, ಮನೆಮನೆಯಿಂದ ಕಸ ತೆಗೊಂಡು ಹೋಗುವ ಪಂಚಾಯತಿನ ಹರಿತ ಕರ್ಮ ಸೇನೆಯವರಲ್ಲಿ ಕೇಳಿದ್ರೆ ಸರ್ಕಾರದ್ದೇ ಕ್ಲೀನ್ ಕೇರಳ ಕಂಪನಿಗೆ ಮುಟ್ಟಿಸುವ ಬಗ್ಗೆ ಹೇಳ್ತಾರೆ. ಯುಪಿಎಸ್ ಬ್ಯಾಟರಿ ಇನ್ನೂ ಸುಲಭ, ಹೊಸತು ತೆಗೊಳ್ಳುವ ಅಂಗಡಿಯಲ್ಲೇ ಹಳತು ತೆಗೊಳ್ತಾರೆ.

ಆ ಅಟ್ಟದ ಕಥೆ ಹೇಳಿ ಮುಗಿಸ್ತೇನೆ. ಹನ್ನೊಂದರಲ್ಲಿ ಎರಡು ಮಾತ್ರ ಬದುಕಿದವು, ಅವು ಅಟ್ಟ ಹತ್ತಿದ್ದು ಕಳೆದ ವರ್ಷವಷ್ಟೇ, ಈಗ ಲಿನಕ್ಸ್ ಹಾಕಿ ಅಂಗನವಾಡಿ ಹತ್ತಿರದ ಲೈಬ್ರೆರಿಯಲ್ಲಿವೆ. ಉಳಿದದ್ದರ ಡಿಸ್ಕ್ ತೆಗೆದು ಲಿಸ್ಟ್ ಮಾಡಿಟ್ಟಿದ್ದೇವೆ, ನಿರ್ಣಯ ಮುಂದಿನ ಮೀಟಿಂಗಿನಲ್ಲಂತೆ. ಇಲಿ ಗೂಡು ಕಟ್ಟಿದ ಪ್ರಿಂಟರು ಹಳೇ ಡಾಟ್ ಮ್ಯಾಟ್ರಿಕ್ಸು, ಗೂಡು ತೆಗೆದು ಧೂಳು ಊದಿ ಪ್ಲಗ್ ಹಾಕಿದ್ರೆ ಕರಕರ ಅಂತ ಟೆಸ್ಟ್ ಪೇಜ್ ಹೊಡೀತು. ಸೆಕ್ರೆಟ್ರಿಯವರು ಕೆಳಗಿಂದ "ನಾನು ಹೇಳ್ಲಿಲ್ವಾ" ಅಂದ್ರು. ರಿಬ್ಬನ್ ಮಾತ್ರ ಮಂಗಳೂರಿನಿಂದ ತರಿಸ್ಬೇಕು.