ಮಾಸಿನ ನಾಲೆಗೆ ನೀರು ಸರಿಯಾಗಿ ಹರಿಯದಿದ್ದಾಗ

ಹೋದ ವಾರ ಮದ್ದೂರು ಕಡೆಯಿಂದ ಅತ್ತೆ-ಸೊಸೆ ಬಂದಿದ್ದರು. ಸೊಸೆಗೆ ಏಳು ತಿಂಗಳು, ಚೊಚ್ಚಲು. ಬಿ.ಪಿ. 150/100. ಹದಿನೈದು ದಿನದ ಹಿಂದೆಯೇ ಬಿ.ಪಿ. ಇಳಿಸುವ ಲ್ಯಾಬೆಟಲಾಲ್ ಮಾತ್ರೆ ಬರೆದುಕೊಟ್ಟಿದ್ದೆ. ಅತ್ತೆ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

“ಡಾಕ್ಟ್ರಮ್ಮ, ಇದ್ಯಾವ್ದೋ ಆಂಟಿಆಕ್ಸಿಡೆಂಟ್ ಮಾತ್ರೆಯಂತೆ. ನಮ್ಮ ಹುಡ್ಗ ಮೊಬೈಲಲ್ಲಿ ನೋಡಿ ತರ್ಸವ್ನೆ. ಬಸುರೀಲಿ ಬಿ.ಪಿ. ಬರೋದೇ ಆಕ್ಸಿಡೇಷನ್ನಿಂದ್ಲಂತೆ. ನೀವು ಕೊಟ್ಟ ಮಾತ್ರೆ ಉಷ್ಣ, ಮಗೀಗೆ ಆಗಕಿಲ್ಲ ಅಂತಾರೆ. ಅದ್ನ ನಿಲ್ಸಿ ಇದ್ನೇ ಕೊಡಾಣ್ವಾ?”

ಆ ಹುಡುಗ ಓದಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಉತ್ತರ ಹೇಳುವುದು ಕಷ್ಟವಾಯಿತು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು, ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತೂ ಅದಾಗಿರಲಿಲ್ಲ. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಸುರಾಗಿ 20 ವಾರ ಕಳೆದ ಮೇಲೆ ಬಿ.ಪಿ. 140/90 ದಾಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಲಿವರ್, ಕಿಡ್ನಿ, ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ತೊಂದರೆ ಕಂಡರೆ, ಅದಕ್ಕೆ ಪ್ರಿಎಕ್ಲಾಂಪ್ಸಿಯ ಎನ್ನುತ್ತೇವೆ. ನಮ್ಮ ಊರುಗಳಲ್ಲಿ ಹಿರಿಯರು ‘ಬಸುರಿ ನಂಜು’ ಎನ್ನುವುದು ಇದನ್ನೇ. ಜಗತ್ತಿನಲ್ಲಿ ನೂರು ಬಸುರಿಯರಲ್ಲಿ ಎರಡರಿಂದ ಎಂಟು ಮಂದಿಗೆ ಬರುತ್ತದೆ. ಫಿಟ್ಸ್‌ಗೆ ತಿರುಗಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಇದರ ಬೇರಿರುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಮಾಸಿಗೆ ರಕ್ತ ತರುವ ಗರ್ಭಕೋಶದ ಸಣ್ಣ ರಕ್ತನಾಳಗಳು ಸುರುಳಿ ಸುರುಳಿಯಾಗಿರುತ್ತವೆ. ಮೊದಲ ಹತ್ತು ವಾರ ಭ್ರೂಣದ ಕಡೆಯ ಜೀವಕೋಶಗಳೇ ಹೋಗಿ ಈ ನಾಳಗಳ ಬಾಯಿಗೆ ಬಿರಡೆಯಂತೆ ಕೂರುತ್ತವೆ. ತೂಬು ಮುಚ್ಚಿದ ಹಾಗೆ. ಆ ದಿನಗಳಲ್ಲಿ ಎಳೆ ಮಾಸಿಗೆ ಬೇಕಾದದ್ದು ಕಡಿಮೆ ಆಮ್ಲಜನಕವೇ. ಎಂಟನೇ ವಾರದಲ್ಲಿ ಅಲ್ಲಿನ ಆಮ್ಲಜನಕದ ಒತ್ತಡ ಪಾದರಸದ ಅಳತೆಯಲ್ಲಿ 20 ಮಿ.ಮೀ.ಗಿಂತ ಕಡಿಮೆ, ಹನ್ನೆರಡನೇ ವಾರದ ಹೊತ್ತಿಗೆ 50 ದಾಟುತ್ತದೆ. ತೂಬು ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಅದೇ ಜೀವಕೋಶಗಳು ನಾಳಗಳ ಗೋಡೆಯ ಸ್ನಾಯುವನ್ನು ಕರಗಿಸಿ ಅಗಲ ಮಾಡುತ್ತವೆ. ಆಮೇಲೆ ರಕ್ತ ನಮ್ಮ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನಂತೆ ಅಗಲವಾಗಿ, ರಭಸವಿಲ್ಲದೆ, ಹಗಲೂ ರಾತ್ರಿ ಹರಿಯಬೇಕು.

ಕೆಲವರಲ್ಲಿ ಈ ಅಗಲ ಮಾಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಾಳ ಕಿರಿದಾಗಿಯೇ ಉಳಿಯುತ್ತದೆ, ಸ್ನಾಯು ಇರುವುದರಿಂದ ಆಗಾಗ ಬಿಗಿಯುತ್ತದೆ, ಸಡಿಲುತ್ತದೆ. ಮಂಡ್ಯದ ರೈತರಿಗೆ ಇದನ್ನು ವಿವರಿಸುವುದು ಸುಲಭ. ಇದು ಕಟ್ಟು ನೀರು. ಕೆಲವು ದಿನ ಬಿಡುವುದು, ಕೆಲವು ದಿನ ನಿಲ್ಲಿಸುವುದು. ಕಬ್ಬಿನ ಗದ್ದೆ ಅದನ್ನು ತಡೆದುಕೊಂಡೀತು. ಮಾಸು ತಡೆಯುವುದಿಲ್ಲ. ಆಮ್ಲಜನಕವಿಲ್ಲದೆ ಸೊರಗಿದ ಜೀವಕೋಶಕ್ಕೆ ಅದು ಒಮ್ಮೆಲೇ ನುಗ್ಗಿದಾಗ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳಿಂದ ಸೂಪರ್‌ಆಕ್ಸೈಡ್ ಎಂಬ ಚುರುಕಾದ, ಕಂಡದ್ದನ್ನೆಲ್ಲ ಸುಡುವ ಕಣಗಳು ಹೊಮ್ಮುತ್ತವೆ. ದೇಹದ ತಡೆಯುವ ಶಕ್ತಿಗಿಂತ ಈ ಕಣಗಳು ಹೆಚ್ಚಾದ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್. ಹೀಗೆ ಬೆಂದ ಮಾಸು ತಾಯಿಯ ರಕ್ತಕ್ಕೆ ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಸುರಿಯುತ್ತದೆ. 2003ರಲ್ಲಿ ಬಾಸ್ಟನ್ನಿನ ಅನಂತ್ ಕರುಮಂಚಿ ಅವರ ತಂಡ ಈ ಪ್ರೋಟೀನನ್ನು ಗಬ್ಬದ ಇಲಿಗಳ ಮೈಯಲ್ಲಿ ಹೆಚ್ಚಿಸಿದಾಗ ಇಲಿಗಳಿಗೂ ಬಿ.ಪಿ. ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ಇತ್ತ ತಾಯಿಯ ರಕ್ತನಾಳ ಸಡಿಲಾಗಿರಲು ನೈಟ್ರಿಕ್ ಆಕ್ಸೈಡ್ ಬೇಕು. ಸೂಪರ್‌ಆಕ್ಸೈಡ್ ಅದನ್ನೂ ನುಂಗಿಹಾಕುತ್ತದೆ. ನಾಳಗಳು ಬಿಗಿಯುತ್ತವೆ, ಬಿ.ಪಿ. ಏರುತ್ತದೆ.

ಹಾಗಾದರೆ ಆ ಕಣಗಳನ್ನು ಹಿಡಿದು ಹಾಕುವ ಆಂಟಿಆಕ್ಸಿಡೆಂಟ್‌ಗಳನ್ನು, ಅಂದರೆ ವಿಟಮಿನ್ ಸಿ ಮತ್ತು ಇ ಕೊಟ್ಟರಾಯಿತಲ್ಲ? ವೈದ್ಯರಿಗೂ ಹಾಗೇ ಅನಿಸಿತ್ತು. 1999ರಲ್ಲಿ ಲಂಡನ್ನಿನಲ್ಲಿ ಅಪಾಯ ಹೆಚ್ಚಿರುವ 283 ಬಸುರಿಯರ ಮೇಲೆ ಪರೀಕ್ಷೆ ನಡೆಯಿತು. ವಿಟಮಿನ್ ತೆಗೆದುಕೊಂಡವರಲ್ಲಿ ಶೇ 8, ಬರೀ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 17 ಮಂದಿಗೆ ನಂಜು ಬಂತು. ಎಂಥ ಭರವಸೆ! ಆದರೆ 2006ರಲ್ಲಿ ಬ್ರಿಟನ್ನಿನಲ್ಲೇ 2,400ಕ್ಕೂ ಹೆಚ್ಚು ಬಸುರಿಯರಲ್ಲಿ ನೋಡಿದಾಗ ಎರಡೂ ಗುಂಪು ಒಂದೇ ಸಮ. ಸಾಲದ್ದಕ್ಕೆ ವಿಟಮಿನ್ ತೆಗೆದುಕೊಂಡವರಿಗೆ ತೂಕ ಕಡಿಮೆಯ ಮಕ್ಕಳು ಹುಟ್ಟಿದ್ದು ಹೆಚ್ಚು. 2010ರಲ್ಲಿ ಅಮೆರಿಕದಲ್ಲಿ ಹತ್ತು ಸಾವಿರ ಬಸುರಿಯರಲ್ಲಿ ನಡೆದ ಪರೀಕ್ಷೆಯಲ್ಲೂ ಪ್ರಯೋಜನ ಕಾಣಲಿಲ್ಲ. ನಂಜು ತಡೆಯಲೆಂದು ಈ ವಿಟಮಿನ್‌ಗಳನ್ನು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ.

ಯಾಕೆ ಹೀಗೆ? ನನಗೆ ತೋಚುವ ಮುಖ್ಯ ಕಾರಣ ಹೊತ್ತು. ನಾಲೆ ತೋಡುವ ಕೆಲಸ ಮೊದಲ ಕೆಲವು ತಿಂಗಳಲ್ಲೇ ಹದಗೆಟ್ಟಿರುತ್ತದೆ. ಮಾತ್ರೆ ಶುರುವಾಗುವುದು ಆಮೇಲೆ. ಇನ್ನೊಂದು, ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡಿನ ಜೊತೆ ಕೂಡುವ ವೇಗದ ಮುಂದೆ ವಿಟಮಿನ್ ತೀರಾ ನಿಧಾನ. ಮೂರನೆಯದು, ಆ ಕಣಗಳು ಬರೀ ಶತ್ರುಗಳಲ್ಲ, ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲೂ ಅವು ಸ್ವಲ್ಪ ಬೇಕು. ನೆಲ್ಲಿಕಾಯಿ, ಸೀಬೆಹಣ್ಣು, ಸೊಪ್ಪು ತಿನ್ನುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ, ತಿನ್ನಬೇಕು. ಡಬ್ಬಿಯನ್ನು ನೆಚ್ಚಿ ಬಿ.ಪಿ. ಮಾತ್ರೆ ನಿಲ್ಲಿಸುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಮೂರನ್ನೂ ಬಸುರಿಯರಿಗೆ ವರ್ಷಾನುಗಟ್ಟಲೆಯಿಂದ ಕೊಡುತ್ತಿದ್ದೇವೆ. ನಾಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 900 ಬಸುರಿಯರ ಮೇಲೆ ಈ ಮೂರನ್ನೂ ಹೋಲಿಸಿ ನೋಡಿದ ವರದಿ 2019ರಲ್ಲಿ ಬಂತು. ಏರಿದ ಬಿ.ಪಿ.ಯನ್ನು ಬಾಯಿಯ ಮಾತ್ರೆಯಿಂದಲೇ ಇಳಿಸಬಹುದೆಂದು ನಮ್ಮ ದೇಶದ ಈ ಕೆಲಸ ತೋರಿಸಿತು.

ತಡೆಯಲು ನಿಜವಾಗಿ ಕೆಲಸಕ್ಕೆ ಬರುವುದು ಅಗ್ಗದ ಆಸ್ಪಿರಿನ್. 2017ರ ಪರೀಕ್ಷೆಯಲ್ಲಿ ಅಪಾಯ ಹೆಚ್ಚಿರುವವರಿಗೆ 11ರಿಂದ 14ನೇ ವಾರದೊಳಗೆ ಶುರುಮಾಡಿ 36 ವಾರದ ತನಕ ರಾತ್ರಿ ಹೊತ್ತು 150 ಮಿ.ಗ್ರಾಂ ಕೊಟ್ಟಾಗ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ನಂಜು ಶೇ 4.3ರಿಂದ 1.6ಕ್ಕೆ ಇಳಿಯಿತು. ಹಿಂದಿನ ಬಸುರಿನಲ್ಲಿ ನಂಜು ಬಂದವರು, ಅವಳಿ ಹೊತ್ತವರು, ಮೊದಲೇ ಬಿ.ಪಿ., ಶುಗರ್ ಅಥವಾ ಕಿಡ್ನಿ ತೊಂದರೆ ಇದ್ದವರು ಮೂರನೇ ತಿಂಗಳಲ್ಲೇ ಡಾಕ್ಟರನ್ನು ಕೇಳಬೇಕು. ಮೆಡಿಕಲ್ ಸ್ಟೋರಿನವರು “ಇದು ಹಾರ್ಟಿನ ಮಾತ್ರೆ” ಎಂದರೆಂದು ಹೆದರಿ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಅದನ್ನು ಮಾತ್ರ ಮಾಡಬೇಡಿ.

ಕ್ಯಾಲ್ಸಿಯಂ ಕೂಡ ಹಾಗೇ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11,000 ಬಸುರಿಯರಲ್ಲಿ ದಿನಕ್ಕೆ 500 ಮಿ.ಗ್ರಾಂ ಕೊಟ್ಟದ್ದು 1,500 ಕೊಟ್ಟದ್ದಕ್ಕೆ ಕಡಿಮೆಯಾಗಲಿಲ್ಲ. ಕಬ್ಬಿಣದ ಮಾತ್ರೆಯ ಜೊತೆ ಮಾತ್ರ ನುಂಗಬಾರದು. ರಾಗಿ ಮುದ್ದೆಯೂ ಕೈಬಿಡಬಾರದು; 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಉಪ್ಪು ಪೂರ್ತಿ ಬಿಡಿಸಿ ಸಪ್ಪೆ ಊಟ ಹಾಕುವುದರಿಂದ ನಂಜು ತಪ್ಪುವುದಿಲ್ಲ.

ಈಗ ಮಗುವಿನ ವಿಷಯ. ಇಲ್ಲೂ ಅದೇ ಆಮ್ಲಜನಕದ ಕಥೆ. ಹೊಟ್ಟೆಯಲ್ಲಿರುವ ಮಗು ಕಡಿಮೆ ಆಮ್ಲಜನಕದಲ್ಲೇ ಬೆಳೆಯುತ್ತದೆ. ಸುಡುವ ಕಣಗಳನ್ನು ಆರಿಸುವ ಕಿಣ್ವಗಳು ಮೈಯಲ್ಲಿ ತುಂಬಿಕೊಳ್ಳುವುದು ಕೊನೆಯ ವಾರಗಳಲ್ಲಿ. ತಾಯಿಯ ಬಿ.ಪಿ. ಏರಿತೆಂದು 30 ವಾರಕ್ಕೇ ಹೊರತೆಗೆದ ಮಗು ಆ ಸಿದ್ಧತೆಯಿಲ್ಲದೆ ನಮ್ಮ ಗಾಳಿಗೆ ಬರುತ್ತದೆ. ಮೊದಲೆಲ್ಲ ಅಳದ ಮಗುವಿಗೆ ಶುದ್ಧ ಆಮ್ಲಜನಕ ಹಿಡಿಯುವುದೇ ಸರಿಯೆಂದು ಕಲಿಸುತ್ತಿದ್ದರು. ದೆಹಲಿಯ ಸಿದ್ಧಾರ್ಥ್ ರಾಮ್‌ಜಿ ಅವರು 1993ರಲ್ಲಿ, ನಾರ್ವೆಯ ಓಲಾ ಸೌಗ್‌ಸ್ಟಾಡ್ ಹಾಗೂ ಸಂಗಡಿಗರು 1998ರಲ್ಲಿ, ತಿಂಗಳು ತುಂಬಿದ ಮಗುವಿಗೆ ಮಾಮೂಲಿ ಗಾಳಿಯಿಂದಲೇ ಉಸಿರು ಹಿಡಿಸಬಹುದೆಂದು ತೋರಿಸಿದರು. 2010ರಿಂದ ಅದೇ ನಿಯಮ. ಹುಟ್ಟಿದ ಒಂದು ನಿಮಿಷಕ್ಕೆ ಆರೋಗ್ಯವಂತ ಮಗುವಿನ ಆಕ್ಸಿಜನ್ ಮಟ್ಟ ಶೇ 60-65 ಇರುವುದು ಸಹಜ. 85 ದಾಟಲು ಹತ್ತು ನಿಮಿಷವಾದರೂ ಗಾಬರಿಯಿಲ್ಲ.

ತಿಂಗಳು ತುಂಬದ ಮಗುವಿಗೆ ಆಮ್ಲಜನಕ ಹೆಚ್ಚಾದರೆ ಕಣ್ಣಿನ ಅಕ್ಷಿಪಟದ ರಕ್ತನಾಳಗಳು ಕೆಡುತ್ತವೆ. 1940ರ ದಶಕದಿಂದ ’50ರ ದಶಕದ ಮೊದಲ ವರ್ಷಗಳ ತನಕ ಇನ್‌ಕ್ಯುಬೇಟರಿನ ಆಮ್ಲಜನಕದಿಂದ ಜಗತ್ತಿನಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಕುರುಡಾದರು. ಹಾಗೆಂದು ತೀರಾ ಕಡಿಮೆ ಮಾಡಿದಾಗ ಸಾವು ಹೆಚ್ಚಾದದ್ದೂ ಆಮೇಲೆ ತಿಳಿಯಿತು. ಈಗ ಮಾನಿಟರಿನ ಅಂಕಿ 90ರಿಂದ 95ರ ನಡುವೆ ನಿಲ್ಲುವಂತೆ ನರ್ಸ್‌ಗಳು ರಾತ್ರಿಯೆಲ್ಲ ಕಾಯುತ್ತಾರೆ. 34 ವಾರಕ್ಕೆ ಮೊದಲು, ಇಲ್ಲವೇ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣನ್ನು ಮೂವತ್ತು ದಿನದೊಳಗೆ ತೋರಿಸಲೇಬೇಕು; ಇನ್ನೂ ಚಿಕ್ಕ ಮಗುವಾದರೆ ಎರಡು-ಮೂರು ವಾರದಲ್ಲೇ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಿಂದ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಬಂದು ಈ ತಪಾಸಣೆ ನಡೆಸುತ್ತಿದೆ. ಬಾಣಂತಿ ತವರಿಗೆ ಹೋದಳು, ಶೀತ ಆಗುತ್ತೆ, ಮೂರು ತಿಂಗಳು ಹೊರಗೆ ಕರೆದುಕೊಂಡು ಬರಲ್ಲ ಎಂದು ಈ ಒಂದು ದಿನವನ್ನು ಕಳೆದುಕೊಂಡ ಮನೆಗಳು ಇವೆ. ಲೇಸರ್ ಚಿಕಿತ್ಸೆಗೆ ಸಿಗುತ್ತಿದ್ದ ಕಣ್ಣು ಆಮೇಲೆ ಸಿಗಲಿಲ್ಲ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ತವರಿನ ಮಾತು ಬಂದದ್ದಕ್ಕೆ ಇನ್ನೊಂದು. ಮಾಸು ಬಿದ್ದ ತಕ್ಷಣ ನಂಜು ಹೋಗುವುದಿಲ್ಲ. ಹೆರಿಗೆಯಾದ ಮೂರರಿಂದ ಆರನೇ ದಿನಕ್ಕೆ ಬಿ.ಪಿ. ಮತ್ತೆ ಏರುವುದುಂಟು, ಅಷ್ಟರಲ್ಲಿ ಡಿಸ್ಚಾರ್ಜ್ ಆಗಿರುತ್ತದೆ. ಹಾಲಿಗೆ ತೊಂದರೆ ಎಂದು ತಾಯಂದಿರು ಮಾತ್ರೆ ಬಿಡುತ್ತಾರೆ. ಲ್ಯಾಬೆಟಲಾಲ್, ನಿಫೆಡಿಪಿನ್ ನುಂಗುತ್ತಾ ಹಾಲೂಡಿಸಬಹುದು. ತಲೆ ಸಿಡಿಯುವಷ್ಟು ನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು ಬಂದರೆ ಅದು ಗ್ಯಾಸ್ಟ್ರಿಕ್ಕೂ ಅಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಸಮಯಕ್ಕೆ ಸಿಕ್ಕರೆ ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ. 33 ದೇಶಗಳ ಹತ್ತು ಸಾವಿರ ಮಂದಿಯಲ್ಲಿ ನಡೆದ ಪರೀಕ್ಷೆ 2002ರಲ್ಲಿ ಅದನ್ನು ತೋರಿಸಿತು.

ಆ ಅತ್ತೆಗೆ ನಾನು ಹೇಳಿದ್ದು ಇಷ್ಟು. ಡಬ್ಬಿ ಪಕ್ಕಕ್ಕಿಡಿ. ಲ್ಯಾಬೆಟಲಾಲ್ ಒಂದು ಹೊತ್ತೂ ತಪ್ಪಬಾರದು. ವಾರಕ್ಕೆ ಎರಡು ಸಲ ಊರಿನ ಪಿಎಚ್‌ಸಿಯಲ್ಲಿ ಬಿ.ಪಿ. ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಮೇಲಿನದು 160 ಮುಟ್ಟಿದರೆ, ಇಲ್ಲವೇ ಕೆಳಗಿನದು 110 ಮುಟ್ಟಿದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ 108ಕ್ಕೆ ಫೋನ್ ಮಾಡಿ ಜಿಲ್ಲಾಸ್ಪತ್ರೆಗೆ ಬನ್ನಿ. ಅವರು ಸೊಸೆಯ ಕಡೆ ತಿರುಗಿ, “ನೂರ ಅರವತ್ತು, ನೂರ ಹತ್ತು. ನೆನಪಲ್ಲಿಟ್ಕೋ ಕಣವ್ವ, ನಂಗೆ ಮರ್ತೋಯ್ತದೆ” ಎಂದರು. ಸೊಸೆ ಪೆನ್ನು ಕೇಳಿ ಕಾರ್ಡಿನ ಹಿಂದೆ ಬರೆದುಕೊಂಡಳು.